ಲೈಟ್ ಚಾಲೂ ಅದರಿ!

"ಯುನೂಸನ ಗಾಡಿಗೆ ಹಗಲೂ ನಾಚಬೇಕು, ಅಂಥ ಲೈಟ್ ಹಾಕಸ್ತೀನಿ! ಹಾಕಸ್ಲಿಲ್ಲಂದ್ರ ನನ್ನ ಹೆಸರು ಜ್ಞಾನೇಶ್ವರ ಅಲ್ಲ!"

ಬಸವಕಲ್ಯಾಣದ ತಮ್ಮ ಮನೆಯ ಪಡಸಾಲೆಯಲ್ಲಿ ಎದ್ದು ನಿಂತು ಜ್ಞಾನೇಶ್ವರರು ಹೀಗೆ ಸಾರಿದರು. ಸಭೆಯಲ್ಲಿ ಇದ್ದವರು ಒಬ್ಬರೇ, ಹೆಂಡತಿ ಯಶೋದಾಬಾಯಿ. ಅವರು ತೊಗರಿಬೇಳೆ ಹಸನು ಮಾಡುತ್ತ, ತಲೆ ಎತ್ತದೆ ಕೇಳಿದರು:

"ಹಗಲು ಯಾಕ ನಾಚಬೇಕ್ರಿ? ಅದೇನು ತಪ್ಪು ಮಾಡ್ಯದ?"

ಪ್ರಶ್ನೆ ಉತ್ತರಕ್ಕೆ ಅರ್ಹವಲ್ಲ ಎಂದು ಜ್ಞಾನೇಶ್ವರರು ತೀರ್ಮಾನಿಸಿದರು.

ದರ್ಜಿ ಯುನೂಸ್ ತೀರಿಕೊಂಡು ಮರುದಿನಕ್ಕೆ ನಲವತ್ತು ದಿನ. ಅವನ ಮನೆಯಲ್ಲಿ ಮಧ್ಯಾಹ್ನದ ನಮಾಜಿನ ನಂತರ ಫಾತೆಹಾ ಪ್ರಾರ್ಥನೆ, ಊಟ. ಮೂವತ್ತು ವರ್ಷದ ಗೆಳೆತನ ಅದು. ಜ್ಞಾನೇಶ್ವರರು ಗ್ರಂಥಾಲಯದ ಕೆಲಸದಲ್ಲಿದ್ದಾಗಲೂ, ನಿವೃತ್ತರಾದ ಮೇಲೂ, ಯುನೂಸ್ ಪ್ರತಿ ಸಂಜೆ ತನ್ನ ಹಳೆಯ ರಾಜದೂತ್ ಮೋಟಾರ್ ಸೈಕಲ್ ಮೇಲೆ ಇದೇ ಪಡಸಾಲೆಗೆ ಬರುತ್ತಿದ್ದ. ಇವರು ಬರೆಯುತ್ತಿದ್ದ ಕಲ್ಯಾಣದ ಇತಿಹಾಸವನ್ನು ಇವರೇ ಓದುತ್ತಿದ್ದರು, ಅವನು ತಲೆದೂಗುತ್ತ ಕೇಳುತ್ತಿದ್ದ. ಬರಹ ಹನ್ನೊಂದು ನೋಟ್‌ಬುಕ್ ದಾಟಿತ್ತು. ಚಾಲುಕ್ಯರು ಮಾತ್ರ ಇನ್ನೂ ಕಲ್ಯಾಣಕ್ಕೆ ಬಂದಿರಲಿಲ್ಲ.

ಆ ಗಾಡಿಯ ಹೆಡ್‌ಲೈಟು ಆರು ವೋಲ್ಟಿನದು. ವಯಸ್ಸಾದ ಮೇಲೆ ಅದು ಬೆಳಕು ಕೊಡುತ್ತಿದ್ದುದಕ್ಕಿಂತ ಬೆಳಕಿನ ನೆನಪು ಮಾಡಿಕೊಡುತ್ತಿದ್ದುದೇ ಹೆಚ್ಚು.

"ಲೈಟ್ ಬದ್ಲಿ ಮಾಡಿಸಬೇಕು ಜ್ಞಾನೋಬಾ. ರಸ್ತಾನೇ ಕಾಣಂಗಿಲ್ಲ," ಎಂದು ಹೊತ್ತು ಮುಳುಗುವ ಮೊದಲೇ ಏಳುತ್ತ ಯುನೂಸ್ ಅದೆಷ್ಟು ಸಲ ಅಂದಿದ್ದನೋ!

"ಮುಟ್ಟಬ್ಯಾಡ! ಮೂಲ ವಸ್ತುವಿಗೆ ಕೈ ಹಚ್ಚಬಾರದು. ಕಲ್ಯಾಣದ ಕೋಟೆ ಗೋಡಿಗೆ ಯಾರರ ಟೈಲ್ಸ್ ಹಚ್ತಾರೇನು?" ಎಂದು ಇವರು ಅಷ್ಟೇ ಸಲ ಗುಡುಗಿದ್ದರು.

ಯುನೂಸ್ ಜ್ವರದಿಂದ ಹೋದ. ಲೈಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಮಣ್ಣು ಕೊಟ್ಟು ಬಂದ ದಿನದಿಂದ ಜ್ಞಾನೇಶ್ವರರಿಗೆ ಒಂದೇ ಚಿಂತೆ. ಗೆಳೆಯ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಅದಕ್ಕೂ ಅಡ್ಡ ನಿಂತವನು ತಾನು. ನಲವತ್ತನೆಯ ದಿನದೊಳಗೆ ಆ ತಪ್ಪನ್ನು ತಿದ್ದಿಕೊಳ್ಳಬೇಕು. ಯುನೂಸನ ಹೆಂಡತಿ ಅಕ್ಬರಿ ಯಾಕೆ, ಏನು ಅನ್ನದೆ ಚಾವಿ ಕೊಟ್ಟಿದ್ದರು.

ಕಲ್ಯಾಣದ ಮಿಸ್ತ್ರಿಗಳು ಗಾಡಿ ನೋಡಿ ಕೈ ಮುಗಿದರು. ಹುಮನಾಬಾದಿನ ಸೈಫುದ್ದೀನ್ ಮಿಸ್ತ್ರಿ ಮಾತ್ರ ಕೈ ಮುಗಿಯಲಿಲ್ಲ. ಅಲ್ಲೇ ಇದ್ದದ್ದು ಅನಾಹುತ! ಮರುದಿನ ಬೆಳಿಗ್ಗೆ ಎಂಟಕ್ಕೆ ಅವನ ಅಂಗಡಿಯ ಮುಂದೆ ಗಾಡಿ ನಿಂತಿತು. ಹುಮನಾಬಾದಿನಲ್ಲಿ ತಂಗಿಯನ್ನು ಕಂಡುಬರಲೆಂದು ಯಶೋದಾಬಾಯಿಯೂ ಹಿಂದೆ ಕೂತು ಬಂದಿದ್ದರು.

ಅವರು ತಂಗಿಯ ಮನೆಯಿಂದ ಮರಳುವ ಹೊತ್ತಿಗೆ ಹನ್ನೆರಡು. ಗಾಡಿಗೆ ಹನ್ನೆರಡು ವೋಲ್ಟಿನ ಹೊಸ ಬ್ಯಾಟರಿ, ಹೊಸ ಎಲ್‌ಇಡಿ ಬಂದಿದ್ದವು. ಲೈಟು ಎದುರಿನ ಕಿರಾಣಿ ಅಂಗಡಿಯವನು ಕಣ್ಣಿಗೆ ಕೈ ಅಡ್ಡ ಹಿಡಿಯುವಷ್ಟು ಉರಿಯುತ್ತಿತ್ತು. ಜ್ಞಾನೇಶ್ವರರ ಎದೆ ಉಬ್ಬಿತು.

"ಶಾಬಾಸ್! ಈಗ ಬಂದ್ ಮಾಡು."

"ಬಂದ್ ಆಗಂಗಿಲ್ಲರಿ ಸರ್," ಎಂದ ಸೈಫುದ್ದೀನ್, ಕೈ ಒರೆಸಿಕೊಳ್ಳುತ್ತ.

"ಅಂದ್ರ?"

"ಹಳೇ ಸ್ವಿಚ್ ಕೈಯಾಗೇ ಮುರೀತ್ರಿ. ವೈರ್ ಡೈರೆಕ್ಟ್ ಕೊಟ್ಟೀನಿ. ಹೊಸಾ ಗಾಡಿ ಎಲ್ಲಾ ಹಿಂಗೇ ಬರ್ತಾವ ನೋಡ್ರಿ. ಸ್ವಿಚ್ಚೇ ಇರಂಗಿಲ್ಲ. ಕಾಯ್ದೆ ಅದ!"

"ಇದು ಹೊಸಾ ಗಾಡಿ ಏನಪಾ? ಇದು ನಿನಗಿಂತ ದೊಡ್ಡದು!"

"ಹಂಗಾದ್ರ ಗೌರವದಿಂದ ಮಾಡೀನಿ ಅನ್ಕೋರಿ."

ಎರಡು ಗಂಟೆಗೆ ಫಾತೆಹಾ. ವಾದಿಸಲು ಹೊತ್ತಿರಲಿಲ್ಲ. ತಲೆಯ ಮೇಲೆ ಸೂರ್ಯ, ಮುಂದೆ ಸೂರ್ಯನ ತಮ್ಮ. ಇಬ್ಬರ ನಡುವೆ ದಂಪತಿಗಳ ಸವಾರಿ ಹೊರಟಿತು.

ಊರು ದಾಟುತ್ತಿದ್ದಂತೆ ಎದುರು ಬಂದ ಮೋಟಾರ್ ಸೈಕಲ್ಲಿನವನು ಐದೂ ಬೆರಳು ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿ ತೋರಿಸಿದ. ಅವನ ಹಿಂದೆ ಆಟೋದವನೂ ಹಾಗೆಯೇ ಮಾಡಿದ. ಕಬ್ಬಿನ ಟ್ರ್ಯಾಕ್ಟರಿನ ಮೇಲಿದ್ದವನೂ ಅದನ್ನೇ ಮಾಡಿದಾಗ ಜ್ಞಾನೇಶ್ವರರ ಕಣ್ಣು ತುಂಬಿ ಬಂದವು.

"ನೋಡಿದ್ಯಾ? ಯುನೂಸನ ಗಾಡಿ ಗುರ್ತು ಹಿಡ್ದು ಮಂದಿ ಸಲಾಮ್ ಮಾಡಾಕತ್ತಾರ!"

"ಸಲಾಮ್ ಅಲ್ಲರಿ. ಲೈಟ್ ಚಾಲೂ ಅದ, ಬಂದ್ ಮಾಡು ಅನ್ನಾಕತ್ತಾರ."

ತುಂಬಿದ ಕಣ್ಣು ಅಲ್ಲಿಯೇ ಆರಿದವು. ಅಲ್ಲಿಂದ ಶುರುವಾಯಿತು ನೋಡಿ, ಬೀದರ ಜಿಲ್ಲೆಯ ಪರೋಪಕಾರ! ಬಸ್ಸಿನ ಕಂಡಕ್ಟರ್ ಅರ್ಧ ಮೈ ಹೊರಗೆ ಚಾಚಿ ಕೂಗಿದ: "ಲೈಟ್ ಚಾಲೂ ಅದರಿ!" ದಾರಿಯ ರಾಜೇಶ್ವರ ಊರಿನ ಸಾಲಿಮಕ್ಕಳು ಮಗ್ಗಿ ಒಪ್ಪಿಸುವ ರಾಗದಲ್ಲಿ ಕೂಗಿದರು. ಒಬ್ಬ ಎರಡೂ ಕಂಕುಳಲ್ಲಿ ಆಡಿನಮರಿ ಇಟ್ಟುಕೊಂಡಿದ್ದ. ಬೆರಳಿಗೆ ಬಿಡುವಿರಲಿಲ್ಲವೆಂದು ಬಾಯಿಯನ್ನೇ ತೆರೆದು, ಮುಚ್ಚಿ ತೋರಿಸಿದ. ಇನ್ನೊಬ್ಬನ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಹ್ಯಾಂಡಲ್ಲು. ಇವರಿಗೆ ತಿಳಿಸಲೆಂದು ಅವನು ಹ್ಯಾಂಡಲ್ಲನ್ನು ಬಿಟ್ಟ, ಮೊಬೈಲನ್ನಲ್ಲ! ಗಾಡಿ ಓಲಾಡಿ ಬೇಲಿಗೆ ಹೋಗಿ ನಿಂತಿತು. ಅಲ್ಲಿಂದಲೂ ಬೆರಳು ಆಡಿಸುತ್ತಲೇ ಇದ್ದ.

"ಗೊತ್ತದ! ಗೊತ್ತದ!" ಎಂದು ಜ್ಞಾನೇಶ್ವರರು ಮೊದಮೊದಲು ಒಬ್ಬೊಬ್ಬರಿಗೂ ಉತ್ತರ ಕೊಟ್ಟರು. ಆಮೇಲೆ ಗಾಡಿಯ ಮೇಲೆಯೇ ಉಪನ್ಯಾಸ ಆರಂಭವಾಯಿತು: "ಏನು ಮಂದಿ ಇದು! ಇವರಿಗೆ ಮನುಷ್ಯನ ಮನಸ್ಸಿನ ಕತ್ತಲಿ ಕಾಣಂಗಿಲ್ಲ, ಗಾಡಿ ಬೆಳಕ ಕಾಣ್ತದ! ಚಾಲುಕ್ಯರ ಕಾಲದಾಗ ದೀಪಕ್ಕಂತ ಭೂಮಿ ದಾನ ಕೊಡ್ತಿದ್ರು. ದೀಪ ಆರಬಾರದು ಅಂತ ಶಾಸನ ಹಾಕಿಸ್ತಿದ್ರು! ಇವರು ಆರಸು ಅಂತಾರ. ಏ ಮೂರ್ಖರಾ..."

"ಸಾಕು ಮಾಡ್ರಿ," ಎಂದರು ಯಶೋದಾಬಾಯಿ. "ಲೈಟಿಗೂ ಸ್ವಿಚ್ಚಿಲ್ಲ, ನಿಮಗೂ ಇಲ್ಲ."

ಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ ಇನ್ನೂ ಒಂದಿಷ್ಟು ದೂರವಿರುವಾಗ ಜ್ಞಾನೇಶ್ವರರ ಸಹನೆ ಮುಗಿಯಿತು. ಗಾಡಿ ನಿಲ್ಲಿಸಿದರು. ತಲೆಯ ಮೇಲಿನ ಗಾಂಧಿ ಟೋಪಿ ತೆಗೆದು ಲೈಟಿಗೆ ತೊಡಿಸಿ, ಜೇಬಿನ ದಸ್ತಿಯಿಂದ ಬಿಗಿದು ಕಟ್ಟಿದರು.

"ಆ ಸೈಫುದ್ದೀನ್ ನನಗ ಟೋಪಿ ಹಾಕಿದ. ನಾ ಲೈಟಿಗೆ ಟೋಪಿ ಹಾಕ್ದೆ. ಲೆಕ್ಕ ಚುಕ್ತಾ!"

ಪರಿಣಾಮ? ಬೆಳಕು ಟೋಪಿಯನ್ನು ತೂರಿಕೊಂಡು ಬಂತು. ಈಗ ಎದುರು ಬರುವವರ ಕಣ್ಣಿಗೆ ಗಾಡಿಯ ಮುಂದೆ ಒಬ್ಬ ತೇಜಸ್ವಿ ಮುಖಂಡ ಕುಳಿತಂತೆ ಕಾಣುತ್ತಿತ್ತು. ಬಂಗ್ಲಾದ ಕೂಡು ರಸ್ತೆಯಲ್ಲಿ ಪೊಲೀಸ್ ಪೇದೆ ಕೈ ಅಡ್ಡ ಹಿಡಿದ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನ್ರಿ ಯಜಮಾನ್ರ! ಲೈಟಿಗೆ ಟೋಪಿ ಹಾಕೀರಿ, ನಿಮ್ಮ ತಲಿಗೆ ಏನಿಲ್ಲ! ಹೆಲ್ಮೆಟ್ ಯಾರಿಗೆ ಬೇಕು ಅಂತ ತಿಳ್ಕೊಂಡೀರಿ?"

ಜ್ಞಾನೇಶ್ವರರು ಬಾಯಿ ತೆರೆಯುವ ಮೊದಲೇ ಯಶೋದಾಬಾಯಿ ಇಳಿದು ಎಲ್ಲ ಹೇಳಿದರು: ಗೆಳೆಯ, ನಲವತ್ತು ದಿನ, ಎರಡು ಗಂಟೆ. ಪೇದೆಯ ಮುಖ ಮೆತ್ತಗಾಯಿತು. "ಹೋಗ್ರಿ, ಹೋಗ್ರಿ. ನಾಳಿಗೆ ಹೆಲ್ಮೆಟ್ ಇರಬೇಕು ಮತ್ತ." ಗಾಡಿ ಹತ್ತು ಮಾರು ಹೋಗಿರಬೇಕು, ಹಿಂದಿನಿಂದ ಅವನ ಕಾಳಜಿಯ ಕೂಗು ಬಂತು: "ಯಜಮಾನ್ರ! ಲೈಟ್ ಚಾಲೂ ಅದ!"

ಜ್ಞಾನೇಶ್ವರರು ಟೋಪಿಯನ್ನು ಕಿತ್ತು ಜೇಬಿಗೆ ತುರುಕಿದರು. ಉರಿಯಲಿ! ಇಡೀ ಜಿಲ್ಲೆಯೇ ಬೆರಳು ಆಡಿಸಲಿ! ಈ ಬೆಳಕು ಯಾರ ಅಪ್ಪಣೆಗೂ ಕಾಯುವುದಿಲ್ಲ. ಇದು ಯುನೂಸನಿಗೆ ಸಲ್ಲಬೇಕಾದ ಬೆಳಕು. ಅವನ ಬಾಗಿಲಿಗೆ ಹೀಗೇ ಉರಿಯುತ್ತ ಹೋಗಬೇಕು.

ಓಣಿ ಹೊಕ್ಕಾಗ ಎರಡಕ್ಕೆ ಐದು ನಿಮಿಷ. ಮನೆಯ ಮುಂದೆ ಪರದೆ ಕಟ್ಟಿ ಜಮಖಾನೆ ಹಾಸಿದ್ದರು. ಅಕ್ಬರಿ ಬಾಗಿಲಿಗೆ ಬಂದರು. ಜ್ಞಾನೇಶ್ವರರು ಗಾಡಿಯನ್ನು ಅವರೆದುರಿಗೆ ತಿರುಗಿಸಿ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡರು.

"ಭಾಭಿ, ಮೂವತ್ತು ವರ್ಷ ಅವನು ಕೇಳ್ದ, ನಾ ಬಿಡಲಿಲ್ಲ. ಇವತ್ತು ತಂದೀನಿ. ನೋಡ್ರಿ!"

ಅಕ್ಬರಿ ನೋಡಿದರು. ಯಶೋದಾಬಾಯಿ ನೋಡಿದರು. ಜ್ಞಾನೇಶ್ವರರೂ ಬಗ್ಗಿ ನೋಡಿದರು.

ಲೈಟು ಆರಿತ್ತು. ಆರು ವೋಲ್ಟಿನ ಮುದಿ ಗಾಡಿ ಹನ್ನೆರಡು ವೋಲ್ಟಿನ ಬ್ಯಾಟರಿಗೆ ಎಲ್ಲಿಂದ ಚಾರ್ಜು ಉಣ್ಣಿಸೀತು? ದಾರಿಯುದ್ದಕ್ಕೂ ಊರವರೆಲ್ಲ ಬೇಡಿಕೊಂಡರೂ ಆರದ ಲೈಟು ತೋರಿಸಬೇಕಾದವರ ಎದುರಿಗೆ ಬಂದು ಕಣ್ಣು ಮುಚ್ಚಿತ್ತು! ಜ್ಞಾನೇಶ್ವರರು ಲೈಟಿನ ಡೂಮಿನ ಮೇಲೆ ಒಂದು ಗುದ್ದಿದರು. ಇನ್ನೊಂದು ಗುದ್ದಿದರು. ಮೂರನೆಯದಕ್ಕೆ ಕೈ ಏಳಲಿಲ್ಲ.

"ಅವನು ಕೇಳಿದ್ದು ಇದೊಂದೇ ಭಾಭಿ. ಅದೂ ನನ್ನ ಕೈಲಿ ಆಗಲಿಲ್ಲ."

ಅಕ್ಬರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಎಲ್ಲರೂ ತಿಳಿದರು. ಭುಜ ಕುಣಿಯುತ್ತಿದ್ದುದು ಬೇರೆ ಕಾರಣಕ್ಕೆ.

"ತಪ್ಪು ತಿಳ್ಕೋಬ್ಯಾಡ್ರಿ ಭಾಯಿಸಾಬ್. ಅವರಿಗೆ ಲೈಟ್ ಬೇಕೇ ಇದ್ದಿಲ್ಲರಿ! ನಾನೇ ಒಂದ್ಸಲ ಹೊಸಾದು ಹಾಕಿಸ್ರಿ ಅಂದ್ರ, 'ಬ್ಯಾಡ ಬ್ಯಾಡ, ಬೆಳಕ ಜಾಸ್ತಿ ಆದ್ರ ಜ್ಞಾನೋಬಾ ರಾತ್ರಿ ಹತ್ತರ ತನಕಾ ಓದ್ತಾನ. ಲೈಟ್ ಮಂದ ಅದ, ರಸ್ತಾ ಕಾಣಂಗಿಲ್ಲ ಅಂದ್ರ ಪಾಪ, ಕತ್ತಲಾಗೋದ್ರಾಗ ಬಿಡ್ತಾನ' ಅಂತಿದ್ರು. ನೀವು 'ಬದ್ಲಿ ಮಾಡಬ್ಯಾಡ' ಅಂದ ದಿನ ಮನಿಗೆ ಬಂದು ನಕ್ಕಿದ್ದೇ ನಕ್ಕಿದ್ದು!" ಅಕ್ಬರಿ ಕಣ್ಣೊರೆಸಿಕೊಂಡರು, ಈಗ ಎರಡೂ ಕಾರಣಕ್ಕೆ. "ಮತ್ತ ಮರುದಿನ ನಾಲ್ಕು ಹೊಡಿಯೋದ್ರಾಗ ಇಸ್ತ್ರಿ ಅಂಗಿ ಹಾಕ್ಕೊಂಡು ಕುಂತಬಿಡ್ತಿದ್ರು ನೋಡ್ರಿ, ನಿಮ್ಮಲ್ಲಿ ಬರಾಕ."

ಮೂವತ್ತು ವರ್ಷ! ಮೂವತ್ತು ವರ್ಷ ಮೋಸ! ಜ್ಞಾನೇಶ್ವರರ ಮೈ ಉರಿದು ಹೋಯಿತು. ಹಾಗಾದರೆ ಆ ಮೆಚ್ಚುಗೆ, ಆ ತಲೆದೂಗುವಿಕೆ? ಈಗಿಂದೀಗಲೇ ಆ ಯುನೂಸನ ಕೊರಳಪಟ್ಟಿ ಹಿಡಿದು, ಎಲ್ಲರ ಮುಂದೆ ನಿಲ್ಲಿಸಿ ಕೇಳಬೇಕೆಂದು ಬಾಗಿಲ ಒಳಗೆ ಒಂದು ಹೆಜ್ಜೆ ಇಟ್ಟೇಬಿಟ್ಟರು. ಆಮೇಲೆ ಅಲ್ಲೇ ನಿಂತರು. ಜಗಳಕ್ಕೆ ಬೇಕಾದವನು ಒಳಗಿರಲಿಲ್ಲ.

ಹೆಂಡತಿಯ ಕಡೆ ತಿರುಗಿದರು. ಅವರಾದರೂ ತಮ್ಮ ಪರವಾಗಿ ಒಂದು ಮಾತು ಹೇಳಲಿ ಎಂಬ ಆಸೆ.

"ಕೇಳಿದ್ಯಾ ಇದನ್ನ? ಇದು ನ್ಯಾಯ ಏನು?"

"ಎಲ್ಲಿಯ ನ್ಯಾಯರಿ!" ಯಶೋದಾಬಾಯಿ ನಿಟ್ಟುಸಿರು ಬಿಟ್ಟರು. "ಅವರಿಗಾದ್ರ ಕತ್ತಲಾಗೋದ್ರಾಗ ಹೋಗಾಕ ಬ್ಯಾರೇ ಮನಿ ಇತ್ತು. ನಾ ಎಲ್ಲಿಗೆ ಹೋಗ್ಲಿ?"