ಐದನೇ ಕೆಂಪು ಕುದುರೆ

ಚೀಲದಲ್ಲಿ ಐದು ಕೆಂಪು ಕುದುರೆಗಳಿರಬೇಕಿತ್ತು. ನಾಲ್ಕೇ ಇದ್ದವು.

ದಂತಣ್ಣ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಒಳಗೆ ಬೆರಳು ಹಾಕಿ ಹೊಲಿಗೆಯ ಮೂಲೆಗಳನ್ನೆಲ್ಲ ಕೆದಕಿದ. ಮತ್ತೊಮ್ಮೆ ಎಣಿಸಿದ. ಎಷ್ಟು ಸಲ ಎಣಿಸಿದರೂ ನಾಲ್ಕು ಐದಾಗುತ್ತದೆಯೇ? ಗಡಿಯಾರದಲ್ಲಿ ಮೂರು ಗಂಟೆ. ಆರಕ್ಕೆ ಆಟ.

ದಂತಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಲ್ಲಿನ ಡಾಕ್ಟರ ಕೊಠಡಿಯ ಹಿಂದಿನ ಸಣ್ಣ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ಹೆಸರು ಅಲ್ಲಿಂದ ಅಂಟಿಕೊಂಡದ್ದು. ವಾರಕ್ಕೊಂದು ಸಂಜೆ ಮಾತ್ರ ಅವನು ಹಲ್ಲನ್ನು ಮರೆಯುತ್ತಿದ್ದ. ಸೈಕಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಬೋರ್ಡ್ ಆಟದ ಸಂಘ ಸೇರುತ್ತಿತ್ತು. ಅಲ್ಲಿ ಆಡುವುದು ಒಂದೇ ಆಟ, ಕುದುರೆ ಓಟ. ನಾಲ್ಕು ಬಣ್ಣ, ಬಣ್ಣಕ್ಕೆ ಐದು ಮರದ ಕುದುರೆ, ಒಂದು ದಾಳ. ಯಾರ ಐದೂ ಕುದುರೆ ಮೊದಲು ಲಾಯ ಸೇರುತ್ತವೋ ಅವರು ಗೆದ್ದಂತೆ.

ಇದರಲ್ಲಿ ಕೆಂಪಿಗೆ ದೊಡ್ಡ ಮರ್ಯಾದೆ. ಅದು ಪಟ್ಟದ ಕುದುರೆ. ವರ್ಷಪೂರ್ತಿ ಚೀಲದಲ್ಲಿ ಮಲಗಿದ್ದು ಫೈನಲ್ ದಿನ ಮಾತ್ರ ಹೊರಬರುತ್ತದೆ; ಉಳಿದ ವಾರಗಳಲ್ಲಿ ಮೂರೇ ಬಣ್ಣದ ಆಟ. ಆ ವರ್ಷ ಹೆಚ್ಚು ಅಂಕ ಗಳಿಸಿದವರಿಗೇ ಅದು ಮೀಸಲು. ಆಟದ ಪೆಟ್ಟಿಗೆ ವಾರಕ್ಕೊಬ್ಬ ಸದಸ್ಯರ ಮನೆಗೆ ಹೋಗಬೇಕು, ಅವರು ಎಲ್ಲವನ್ನೂ ಎಣಿಸಿ ತಂದು ಸಭೆಯೆದುರು ಲೆಕ್ಕ ಒಪ್ಪಿಸಬೇಕು. ಸಂಘದ ನಾಲ್ಕನೇ ನಿಯಮ ಇಷ್ಟು: ಲೆಕ್ಕ ತಪ್ಪಿದರೆ ಆ ವಾರ ಪೆಟ್ಟಿಗೆ ಇಟ್ಟುಕೊಂಡವರು ಒಂದು ವರ್ಷ ಆಡುವಂತಿಲ್ಲ, ಬಾಗಿಲ ಬಳಿ ಕೂತು ಉಳಿದವರ ಅಂಕ ಬರೆಯಬೇಕು.

ಈ ವಾರ ಪೆಟ್ಟಿಗೆ ದಂತಣ್ಣನ ಮನೆಯಲ್ಲಿತ್ತು. ಈ ವರ್ಷದ ಕೆಂಪು ಕುದುರೆಯೂ ಅವನದೇ.

ಏಳು ವರ್ಷದಿಂದ ಅವನು ಒಂದು ಫೈನಲ್ಲೂ ಗೆದ್ದವನಲ್ಲ. ಸಂಘದ ಪುಸ್ತಕದಲ್ಲಿ ಅವನ ಹೆಸರು ಬಂದಿದ್ದು ಒಂದೇ ಸಲ. ಹೋದ ವರ್ಷದ ಫೈನಲ್ಲಿನ ಕೊನೆಗೆ, 'ಅಲ್ಲಾಡುತ್ತಿದ್ದ ಟೇಬಲ್ಲಿನ ಕಾಲನ್ನು ದಂತಣ್ಣನವರು ಸರಿಪಡಿಸಿದರು' ಎಂದು. ಆ ಸಾಲನ್ನು ಅವನು ಹೆಂಡತಿಗೆ ಎರಡು ಸಲ ಹೇಳಿದ್ದ. ಈ ವರ್ಷ ಏನಾಯಿತೋ, ದಾಳ ಅವನ ಮಾತು ಕೇಳತೊಡಗಿತು. ಗೆದ್ದವರ ಫೋಟೋ ಹಾಲ್‌ನ ಗೋಡೆಗೆ ಏರುವುದು ವಾಡಿಕೆ. ದಂತಣ್ಣ ಆಗಲೇ ಫೋಟೋ ತೆಗೆಸಿ, ಕಟ್ಟು ಹಾಕಿಸಿ, ಕಾಗದ ಸುತ್ತಿಟ್ಟಿದ್ದ.

"ನೋಡಿ, ಆ ಫೋಟೋ ಮಾತ್ರ ವಾಪಸ್ ಮನೆಗೆ ಬರಬಾರದು," ಎಂದಿದ್ದಳು ಹೆಂಡತಿ. "ದಿನಾ ಒಬ್ಬರನ್ನ ನೋಡೋದೇ ಸಾಕಾಗಿದೆ. ಗೋಡೆ ಮೇಲೆ ಇನ್ನೊಬ್ಬರು ಬೇಡ."

ಪ್ರತಿ ಸಲ ಎಣಿಸುತ್ತಿದ್ದನಲ್ಲ, ಆಗ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಎಣಿಸಿದ್ದರೆ ತಾನೆ! ತನ್ನ ಸರದಿ ಬಂದಾಗಲೆಲ್ಲ ದಂತಣ್ಣ ಚೀಲವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಕೆಂಪು ಐದು" ಎಂದು ಗಟ್ಟಿಯಾಗಿ ಹೇಳಿಬಿಡುತ್ತಿದ್ದ. ಹೇಗೂ ವರ್ಷಪೂರ್ತಿ ಅವನ್ನು ಹೊರಗೆ ತೆಗೆಯುವವರಿಲ್ಲ.

ಅಳುವುದಕ್ಕೆ ಸಮಯವಿರಲಿಲ್ಲ. ಚೀಲ ಹಿಡಿದು ಕೆಲಸದ ಕೋಣೆಗೆ ಓಡಿದ. ಹಲ್ಲು ಮಾಡುವ ಕೈ ಕುದುರೆ ಮಾಡಲಾರದೇ? ಇದ್ದ ಕುದುರೆಯೊಂದನ್ನು ಮೆತ್ತನೆಯ ಹಿಟ್ಟಿನಲ್ಲಿ ಒತ್ತಿ ಅಚ್ಚು ತೆಗೆದ. ಒಸಡು ಮಾಡುವ ಗುಲಾಬಿ ಪುಡಿಯನ್ನು ಕಲಸಿ ಅಚ್ಚಿಗೆ ಸುರಿದ. ಕುದುರೆ ಹುಟ್ಟಿತು. ಕಿವಿ, ಬಾಲ, ಗೊರಸು, ಎಲ್ಲ ಅಚ್ಚುಕಟ್ಟು. ಬಣ್ಣ ಮಾತ್ರ ಥೇಟ್ ಒಸಡು. ಅದಕ್ಕೆ ಮನೆಯಿಂದ ತಂದಿದ್ದ ಹೆಂಡತಿಯ ಉಗುರು ಬಣ್ಣವಿತ್ತು. ಕೆಂಪನ್ನು ಬಳಿದು ಊದುತ್ತಿರುವಾಗ ಬಾಗಿಲು ದಡಾರೆಂದು ತೆರೆಯಿತು.

ಬಂದವನು ನಿವೃತ್ತ ಬಸ್ ಕಂಡಕ್ಟರ್. ಸಂಘದ ಸದಸ್ಯ, ಇಂದಿನ ಎದುರಾಳಿ, ಮೇಲಾಗಿ ದಂತಣ್ಣನ ಗಿರಾಕಿ. ದಂತಣ್ಣ ಕುದುರೆಯ ಮೇಲೆ ಟವೆಲ್ ಎಸೆದ.

"ಏನಯ್ಯಾ, ಇದು ನಾಲ್ಕನೇ ಸಲ ಬರ್ತಿರೋದು," ಎಂದ ಕಂಡಕ್ಟರ್. ಮಾತಿನ ನಡುವೆ ಅವನ ಹಲ್ಲು ಟಕ್ ಎಂದಿತು. "ನೀನು ಮಾಡಿದ ಸೆಟ್ಟು ಬಾಯಲ್ಲಿ ಕೂರ್ತಾನೇ ಇಲ್ಲ. ನಾನು ಒಂದು ಮಾತಾಡಿದ್ರೆ ಅದು ಎರಡು ಮಾತಾಡುತ್ತೆ."

"ಅಭ್ಯಾಸ ಆಗುತ್ತೆ ಬಿಡಿ. ಇಲ್ಲಿ ಕೊಡಿ, ಸ್ವಲ್ಪ ಉಜ್ಜಿ ಕೊಡ್ತೀನಿ. ಅರೆ, ನಿಮ್ಮ ಬೆರಳೆಲ್ಲ ಯಾಕೆ ಹೀಗೆ ಕೆಂಪಾಗಿದೆ?"

ಕಂಡಕ್ಟರ್ ಕೈಯನ್ನು ಸರಕ್ಕನೆ ಜೇಬಿಗೆ ಇಳಿಸಿದ. "ಅತ್ತಿಗೆ ನನ್ನ ಕೈಲಿ ಬೀಟ್‌ರೂಟ್ ಹೆಚ್ಚಿಸಿದ್ರು. ನಿನಗ್ಯಾಕೆ? ಹಲ್ಲು ನೋಡು."

ದಂತಣ್ಣ ಎರಡು ಸಲ ಉಜ್ಜಿದಂತೆ ಮಾಡಿ ಅವನನ್ನು ಸಾಗಹಾಕಿದ.

ಆರು ಗಂಟೆಗೆ ಹಾಲ್ ತುಂಬಿತ್ತು. ನಡುವೆ ಟೇಬಲ್ಲು, ಸುತ್ತ ನಾಲ್ಕು ಕುರ್ಚಿ. ಪಕ್ಕದ ಎತ್ತರದ ಕುರ್ಚಿಯಲ್ಲಿ ತೀರ್ಪುಗಾರ್ತಿ ಹೆಡ್ ಮೇಡಂ. ಮೂವತ್ತು ವರ್ಷ ಶಾಲೆ ನಡೆಸಿ ನಿವೃತ್ತರಾದವರು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ಹಿಂದಿನ ಬೆಂಚಿನ ಪಿಸುಮಾತು ಹಿಡಿದ ಕಿವಿ ಅದು. ಆಡುವವರು ದಂತಣ್ಣ, ಕಂಡಕ್ಟರ್, ಎದುರು ಸಾಲಿನ ದರ್ಜಿ ಮತ್ತು ಔಷಧಿ ಅಂಗಡಿಯ ಅಕ್ಕ. ವರ್ಷಪೂರ್ತಿ ಪೆಟ್ಟಿಗೆ ಸುತ್ತುತ್ತಿದ್ದುದೂ ಈ ನಾಲ್ವರ ಮನೆಗಳಲ್ಲೇ.

ದಂತಣ್ಣ ಕೆಂಪು ಚೀಲವನ್ನು ಮೇಜಿನ ಮೇಲಿಟ್ಟನೋ ಇಲ್ಲವೋ, ದರ್ಜಿ ಅದಕ್ಕೆ ಕೈ ಹಾಕಿದ.

"ಅಯ್ಯೋ, ಚೀಲದ ಬಾಯಿ ಹೊಲಿಗೆ ಬಿಟ್ಟಿದೆಯಲ್ಲ! ತಡೀರಿ, ಬೆಳಕಲ್ಲಿ ನೋಡ್ತೀನಿ."

ಕಿಟಕಿಯ ಬಳಿ ಹೋಗಿ, ಬೆನ್ನು ತಿರುಗಿಸಿ ಏನೋ ಮಾಡಿ ತಂದಿಟ್ಟ. ಅಕ್ಕ ಎತ್ತಿಕೊಂಡಳು. "ಛೀ, ಎಷ್ಟು ಧೂಳು! ಒರೆಸಿ ಕೊಡ್ತೀನಿ." ಅವಳೂ ಅತ್ತ ತಿರುಗಿ ಒರೆಸಿ ತಂದಳು. ಕೊನೆಗೆ ಕಂಡಕ್ಟರ್. "ಪಟ್ಟದ ಕುದುರೆಗಳು. ಒಂದು ಸಲ ಕಣ್ಣಿಗೊತ್ತಿಕೊಳ್ತೀನಿ, ತಪ್ಪಾ?" ಎನ್ನುತ್ತ ಚೀಲವನ್ನು ಕೋಟಿನ ಮರೆಗೆ ಒಯ್ದ.

ಪ್ರತಿ ಸಲವೂ ದಂತಣ್ಣನ ಜೀವ ಬಾಯಿಗೆ ಬಂತು. ಯಾರಿಗಾದರೂ ಒಸಡಿನ ಕುದುರೆ ಕಂಡರೆ? ಮೂವರೂ ಚೀಲ ಇಟ್ಟು ತಮ್ಮ ತಮ್ಮ ಕುರ್ಚಿಗೆ ಹೋಗಿ ಕೂತರು.

"ಲೆಕ್ಕ!" ಎಂದರು ಹೆಡ್ ಮೇಡಂ.

ಉಳಿದ ಬಣ್ಣಗಳೆಲ್ಲ ಸರಿಯಾಗಿದ್ದವು. ದಂತಣ್ಣ ಚೀಲದೊಳಗೆ ಕೈ ಹಾಕಿ ಒಂದೊಂದೇ ಕುದುರೆಯನ್ನು ಹಲಗೆಯ ಮೇಲಿಟ್ಟ. ಟಕ್. ಟಕ್. ಥಪ್. ಟಕ್. ಪಚ್.

"ನಿಲ್ಲಿಸಿ. ಮೂರನೇದು ಯಾಕೆ ಥಪ್ ಅಂತು?"

"ಮರ ಅಲ್ವಾ ಮೇಡಂ, ತೇವ ಹಿಡ್ಕೊಂಡಿದೆ."

"ಐದನೇದು?"

"ಅದು ಇನ್ನೂ ಸ್ವಲ್ಪ ಜಾಸ್ತಿ ತೇವ."

"ಹೂಂ. ಒಟ್ಟು ಐದು. ಲೆಕ್ಕ ಸರಿಯಾಗಿದೆ."

ಮೇಜಿನ ಸುತ್ತ ನಾಲ್ಕು ನಿಟ್ಟುಸಿರು ಒಟ್ಟಿಗೇ ಹೊರಬಿದ್ದವು. ನನ್ನದು ಸರಿ, ಇವರಿಗೇನು ಬಂತು ಎಂದು ದಂತಣ್ಣ ಯೋಚಿಸಬಹುದಿತ್ತು. ಆದರೆ ಅವನ ಬೆರಳುಗಳು ಚೀಲದೊಳಗೆ ಬೇರೆಯೇ ಸುದ್ದಿ ಕಂಡುಕೊಂಡಿದ್ದವು. ಐದು ಹೊರಗೆ ಬಂದ ಮೇಲೂ ಒಳಗೆ ಇನ್ನೂ ಮೂರು! ಮಧ್ಯಾಹ್ನ ನಾಲ್ಕಿದ್ದದ್ದು ಈಗ ಎಂಟು. ಚೀಲದಲ್ಲಿ ಕುದುರೆ ಮರಿ ಹಾಕುವುದನ್ನು ಅವನು ಕೇಳಿರಲಿಲ್ಲ. ಬೆವರು ಒರೆಸಿಕೊಂಡು, ಚೀಲದ ಬಾಯಿ ಬಿಗಿದು ತೊಡೆಯ ಮೇಲಿಟ್ಟುಕೊಂಡ.

ಆಟ ಶುರುವಾಯಿತು. ಎಂಥ ಆಟ! ದಂತಣ್ಣ ಹಾಕಿದ್ದೆಲ್ಲ ಐದು, ಆರು. ನೋಡುವವರು ಕುರ್ಚಿ ಬಿಟ್ಟೆದ್ದು ನಿಂತರು. ಒಂದು ಕೆಂಪು ಕುದುರೆ ಹೋದಲ್ಲೆಲ್ಲ ಹಲಗೆಯ ಮೇಲೆ ಕೆಂಪು ಗೆರೆ ಬಿಡುತ್ತಿತ್ತು. ಕಂಡಕ್ಟರ್ ಸದ್ದಿಲ್ಲದೆ ಕರವಸ್ತ್ರದಿಂದ ಒರೆಸುತ್ತಿದ್ದ. ಇನ್ನೊಂದು ಮುಟ್ಟಿದರೆ ಜಾರಿ ಎರಡು ಮನೆ ಮುಂದೆ ಹೋಗಿ ನಿಲ್ಲುತ್ತಿತ್ತು. ಅಕ್ಕ ಅದನ್ನು ತಾನೇ ನಿಧಾನವಾಗಿ ಜಾಗಕ್ಕೆ ತಂದಿಡುತ್ತಿದ್ದಳು. ಎಲ್ಲೆಲ್ಲೂ ಆಸ್ಪತ್ರೆಯ ಸೋಪಿನ ವಾಸನೆ. ಇವರಿಗೆಲ್ಲ ನನ್ನ ಮೇಲೆ ಇಷ್ಟು ಪ್ರೀತಿ ಯಾವಾಗ ಹುಟ್ಟಿತು ಎಂದು ದಂತಣ್ಣನ ಕಣ್ಣು ಒದ್ದೆಯಾಯಿತು.

ಎರಡು ಕುದುರೆ ಲಾಯ ಸೇರಿದವು. ಮೂರು. ನಾಲ್ಕು. ದರ್ಜಿ ಹಿಂದೆ ಬಿದ್ದ, ಅಕ್ಕನೂ ಬಿದ್ದಳು. ಕಂಡಕ್ಟರ್ ಮಾತ್ರ ಬಿಡಲಿಲ್ಲ. ಅವನಿಗೂ ಉಳಿದದ್ದು ಒಂದೇ ಕುದುರೆ, ದಾಳದಲ್ಲಿ ಬೇಕಾದದ್ದು ಎರಡು. ದಂತಣ್ಣನಿಗೆ ಆರು ಬೇಕು. ಸರದಿ ದಂತಣ್ಣನದು.

"ಹಾಕ್ರೀ! ಹಾಕ್ರೀ!" ಎಂದು ಹಾಲ್ ಕೂಗಿತು. ಕಂಡಕ್ಟರನ ಹಲ್ಲು ತಾನಾಗಿಯೇ ಟಕಟಕ ಎನ್ನುತ್ತಿತ್ತು.

ದಂತಣ್ಣ ದಾಳವನ್ನು ಅಂಗೈಯಲ್ಲಿ ಕುಲುಕಿದ, ಕಣ್ಣು ಮುಚ್ಚಿದ, ಎಸೆದ. ಉತ್ಸಾಹ ಹೆಚ್ಚಾಯಿತು. ದಾಳ ಹಲಗೆಯನ್ನು ಹಾರಿ, ಮೇಜನ್ನು ಹಾರಿ, ಕೆಳಗೆ ಬಿದ್ದು ಉರುಳಿತು.

"ಬಿದ್ದ ದಾಳ ಬಿದ್ದ ಹಾಗೆ!" ಎಂದರು ಹೆಡ್ ಮೇಡಂ. "ಅದನ್ನ ಯಾರೂ ಮುಟ್ಟಬಾರದು. ಮೊದಲು ಹಾಕಿದವರು ನೋಡಲಿ, ಆಮೇಲೆ ನಾನು ನೋಡ್ತೀನಿ."

ದಂತಣ್ಣ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಮೇಜಿನಡಿಗೆ ತೆವಳಿದ. ಎಡಗಡೆಯ ಕಾಲಿನ ಹತ್ತಿರ ದಾಳ ಕೂತಿತ್ತು. ಆರು! ಎಣಿಸಿ ನೋಡಿದ. ಸಾಲಿಗೆ ಮೂರು, ಎರಡು ಸಾಲು. ಆರೇ! "ಆರು! ಮೇಡಂ, ಆರು!" ಎಂದು ಕಿರುಚಿದ. ಏಳು ವರ್ಷದ ಕನಸು ಅಂಗೈ ಅಗಲದಲ್ಲಿತ್ತು.

ಆಗಲೇ ಕಣ್ಣಿಗೆ ಬಿತ್ತು. ದಾಳದ ಪಕ್ಕದಲ್ಲಿ, ಟೇಬಲ್ಲಿನ ಗಿಡ್ಡ ಕಾಲಿನ ಅಡಿಯಲ್ಲಿ ಅಡ್ಡ ಮಲಗಿತ್ತು ಒಂದು ಕೆಂಪು ಕುದುರೆ. ಅಪ್ಪಟ ಮರದ್ದು. ಐದನೆಯದು.

ಮಧ್ಯಾಹ್ನ ಮೂರರಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದಂತಾಯಿತು. ಸಿಕ್ಕಿತು! ಇನ್ನು ಮೋಸವಿಲ್ಲ, ಭಯವಿಲ್ಲ! ಸುಮ್ಮನೆ ಮೇಲೆ ಬಂದಿದ್ದರೆ ಆಗುತ್ತಿತ್ತು. ಆದರೆ ಅವನ ಬುದ್ಧಿ ಹೊರಡುವ ಮೊದಲೇ ಕೈ ಹೊರಟಿತ್ತು. ಕುದುರೆಯನ್ನು ಹಿಡಿದು ಎಳೆದುಬಿಟ್ಟ.

ಟೇಬಲ್ಲು ವಾಲಿತು. ಹಲಗೆ ಜಾರಿತು. ಹಳದಿ, ಹಸಿರು, ನೀಲಿ, ಕೆಂಪು, ಎಲ್ಲ ಕುದುರೆಗಳು ಅವನ ಬೆನ್ನ ಮೇಲೆ ಸುರಿದವು. ಗಾಬರಿಯಲ್ಲಿ ಕಂಕುಳ ಸಡಿಲಾಗಿ ಚೀಲವೂ ಬಿಚ್ಚಿಕೊಂಡಿತು. ಏಳಲು ಹೋಗಿ ಮೊಣಕೈ ದಾಳಕ್ಕೆ ತಗುಲಿತು.

ಹೆಡ್ ಮೇಡಂ ಬಗ್ಗಿ, ಕನ್ನಡಕವನ್ನು ದಾಳಕ್ಕೆ ತಾಗಿಸುವಷ್ಟು ಹತ್ತಿರ ತಂದು ನೋಡಿದರು.

"ಒಂದು," ಎಂದರು.

"ಆರಿತ್ತು ಮೇಡಂ! ನನ್ನ ಕಣ್ಣಾರೆ ನೋಡಿದೆ!"

"ನನ್ನ ಕಣ್ಣಿಗೆ ಒಂದು. ಇರಲಿ, ಮೊದಲು ಕೆಂಪು ಎಷ್ಟಿದೆ ಹೇಳಿ."

ನೆಲದ ಮೇಲೆ ಒಂಬತ್ತು ಕೆಂಪು ಕುದುರೆಗಳಿದ್ದವು. ಐದು ಮರದವು. ಒಂದು ಒಸಡಿನದು. ಒಂದು ಸೋಪಿನದು. ಒಂದು ದಾರದ ರೀಲಿಗೆ ಕೆಂಪು ಬಟ್ಟೆ ಅಂಟಿಸಿದ್ದು. ಇನ್ನೊಂದು ಬೀಟ್‌ರೂಟಿನದು, ಅದರ ಒಂದು ಕಾಲು ಆಗಲೇ ಮುರಿದಿತ್ತು.

"ಮಾಡಿದವರು ಯಾರು ಅಂತ ಕೈ ನೋಡಿದ್ರೇ ಗೊತ್ತಾಗುತ್ತೆ," ಎಂದರು ಮೇಡಂ, ಸುಮ್ಮನೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಕಂಡಕ್ಟರ್ ಕೈಯನ್ನು ಜೇಬಿಗೆ ಹಾಕಿದ. ಅಕ್ಕ ಬೆರಳು ಮೂಸಿಕೊಂಡಳು. ದರ್ಜಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿದ.

"ನನ್ನ ವಾರದಲ್ಲಿ ಎಣಿಸಿದಾಗ ನಾಲ್ಕೇ ಇತ್ತು ಮೇಡಂ," ಎಂದು ಅಕ್ಕ ಮೂಗು ಸೇದಿದಳು. "ನಾನೇ ಕಳೆದೆ ಅಂದ್ಕೊಂಡು ಐದು ಅಂತ ಹೇಳಿಬಿಟ್ಟೆ."

"ನಾನೂ ಅಷ್ಟೇ," ಎಂದ ದರ್ಜಿ.

"ನಾನೂನು. ಟಕ್," ಎಂದ ಕಂಡಕ್ಟರ್. ಕೊನೆಯದು ಹಲ್ಲು ಹೇಳಿದ್ದು.

ವರ್ಷಪೂರ್ತಿ ನಾಲ್ವರೂ ನಾಲ್ಕನ್ನು ಐದು ಎಂದು ಒಪ್ಪಿಸುತ್ತ ಬಂದಿದ್ದರು. ಇಂದು ಕೆಂಪು ಹೊರಬರುತ್ತದಲ್ಲ ಎಂದು ಹೆದರಿ, ಒಬ್ಬೊಬ್ಬರೂ ತಮ್ಮ ಪಾಡಿಗೆ ಒಂದೊಂದು ಕುದುರೆ ಹುಟ್ಟಿಸಿ ತಂದಿದ್ದರು.

"ಹಾಗಾದ್ರೆ ನಾವ್ಯಾರೂ ಕಳೆದಿಲ್ಲ!" ಎಂದು ದರ್ಜಿ ಹಿಗ್ಗಿದ. "ಅದು ಟೇಬಲ್ಲಿನ ಕೆಳಗೇ ಇತ್ತು. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು. ಅಲ್ಲಿಗೆ ಹಾಕಿದ್ದು ಯಾರು ಹಾಗಾದ್ರೆ?"

ಹೆಡ್ ಮೇಡಂ ಸಂಘದ ಪುಸ್ತಕ ತೆರೆದರು. ಪುಟ ಮಗುಚಿದರು. ತರಗತಿಯಲ್ಲಿ ಪಾಠ ಓದುವ ಧ್ವನಿಯಲ್ಲಿ ಓದಿದರು: "ಅಲ್ಲಾಡುತ್ತಿದ್ದ ಟೇಬಲ್ಲಿನ ಕಾಲನ್ನು ದಂತಣ್ಣನವರು ಸರಿಪಡಿಸಿದರು."

ದಂತಣ್ಣನಿಗೆ ಎಲ್ಲವೂ ನೆನಪಾಯಿತು. ಹೋದ ವರ್ಷ ಸೋತ ಬೇಜಾರಿನಲ್ಲಿ ಮೇಜಿನಡಿಗೆ ಕೈ ಚಾಚಿ, ನೆಲ ತಡಕಾಡಿ, ಸಿಕ್ಕಿದ್ದನ್ನು ನೋಡದೆ ಕಾಲಿಗೆ ತುರುಕಿದ್ದ. ಗಟ್ಟಿಯಾಗಿ, ಚಿಕ್ಕದಾಗಿ ಏನೋ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

"ಲೆಕ್ಕ ತಪ್ಪಿದೆ," ಎಂದರು ಮೇಡಂ. "ನಿಯಮ ನಾಲ್ಕು. ಈ ವಾರ ಪೆಟ್ಟಿಗೆ ಇಟ್ಟುಕೊಂಡವರು ಒಂದು ವರ್ಷ ಬಾಗಿಲ ಬಳಿ. ಉಳಿದ ಮೂವರು ಈಗಲೇ ಹೊಸದಾಗಿ ಫೈನಲ್ ಆಡಲಿ."

"ಇವರೂ ಸುಳ್ಳು ಲೆಕ್ಕ ಕೊಟ್ಟಿದ್ದಾರಲ್ಲ ಮೇಡಂ!"

"ನಿಯಮದಲ್ಲಿ 'ಆ ವಾರ' ಅಂತಿದೆ. ಈ ವಾರ ಅವರ ಹತ್ತಿರ ಪೆಟ್ಟಿಗೆ ಇತ್ತಾ?"

ಇರಲಿಲ್ಲ. ದಂತಣ್ಣ ಕಾಗದ ಸುತ್ತಿದ ಫೋಟೋವನ್ನು ಎತ್ತಿಕೊಂಡು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ. ಅಳು ಬಂತು. ಹೆಂಡತಿಗೆ ಏನು ಹೇಳುವುದು ಎಂದು ನೆನೆದಾಗ ಇನ್ನಷ್ಟು ಬಂತು.

ಆದರೆ ಆಟ ಶುರುವಾಗಲಿಲ್ಲ. ಟೇಬಲ್ಲು ಕುಣಿಯುತ್ತಿತ್ತು. ಮರದ ಐದೂ ಪೆಟ್ಟಿಗೆ ಸೇರಿದ್ದವು. ಕಾಲಿನಡಿಗೆ ಸೋಪಿನ ಕುದುರೆ ಇಟ್ಟರೆ ಜಾರಿತು. ರೀಲು ಉರುಳಿತು. ಬೀಟ್‌ರೂಟು ಪಚಕ್ಕನೆ ಒಡೆದು ಮೇಡಂ ಸೀರೆಗೆ ಹಾರಿತು.

"ದಂತಣ್ಣ, ಟೇಬಲ್ಲು ನಿಮ್ಮ ಕೆಲಸ ಅಲ್ವೇನ್ರೀ?" ಎಂದರು ಮೇಡಂ.

ದಂತಣ್ಣ ಎದ್ದು ಬಂದು, ಮೂಗು ಒರೆಸಿಕೊಂಡು, ಮತ್ತೆ ತೆವಳಿದ. ತಾನು ಮಾಡಿದ ಒಸಡಿನ ಕುದುರೆಯನ್ನು ಕಾಲಿನಡಿಗೆ ಸರಿಸಿದ. ಟೇಬಲ್ಲು ನಿಂತಿತು. ಮೇಡಂ ಅಂಚಿನವರೆಗೆ ತುಂಬಿದ ನೀರಿನ ಲೋಟವನ್ನು ಮೇಲಿಟ್ಟು ನೋಡಿದರು. ಒಂದು ಹನಿ ಚೆಲ್ಲಲಿಲ್ಲ. ಅವರು ಪುಸ್ತಕ ತೆರೆದು, ಅದೇ ಹಳೆಯ ಸಾಲನ್ನು ಹೊಸ ದಿನಾಂಕ ಹಾಕಿ ಬರೆದರು.

ಕಂಡಕ್ಟರ್ ಬಗ್ಗಿ ಕಾಲಿನ ಬುಡವನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಾಯಿಯಿಂದ ಸೆಟ್ಟನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಬೊಚ್ಚು ಬಾಯಲ್ಲಿ ಕೂಗಿದ:

"ಎಲಾ ದಂತಣ್ಣ! ಟೇಬಲ್ ಕಾಲಿಗೆ ಇಷ್ಟು ಚೆನ್ನಾಗಿ ಕೂರಿಸೋಕೆ ಬರುತ್ತೆ, ನನ್ನ ಬಾಯಿಗೆ ಮಾತ್ರ ಯಾಕೋ ಬರಲ್ಲ?"