ಕಾಕಾನ ತಲೆಯೊಳಗಿನ ಹಡಪಸರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಮುಂದೆ ಬರುವ ಮರ ಬೇವಿನದೋ ಅರಳಿಯದೋ? ನನ್ನ ದಿನಚರಿಯ ಒಂದು ಪುಟ ಒಂದು ಹೇಳಿದರೆ ಇನ್ನೊಂದು ಪುಟ ಇನ್ನೊಂದು ಹೇಳುತ್ತದೆ. ಆದರೆ ಒಂದು ಮಾತು ಖಂಡಿತ: ಇಡೀ ಪುಣೆಯಲ್ಲಿ ಇಂಟರ್‌ನೆಟ್ಟನ್ನು ಕೈಯಿಂದ ಮುಟ್ಟಿ ನೋಡಿದ ಮನುಷ್ಯ ಒಬ್ಬರೇ, ನಮ್ಮ ಕಾಕಾ!

ಹೌದು, ಕೈಯಿಂದಲೇ. ಪುಣೆಯ ಹಡಪಸರ ಬಡಾವಣೆಯ ರಸ್ತೆಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಡಾಂಬರಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, "ಇವತ್ತ ಭಾಳ ಬಿಸಿ ಅದ. ಪರದೇಶಕ್ಕ ಏನೋ ದೊಡ್ಡದು ಹೊಂಟದ" ಎನ್ನುತ್ತಿದ್ದರು. ಮೇ ತಿಂಗಳ ಮಧ್ಯಾಹ್ನ ಯಾವ ಡಾಂಬರು ತಣ್ಣಗಿರುತ್ತದೆ ಸ್ವಾಮಿ?

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ನನ್ನನ್ನು ಪ್ರೀತಿಯಿಂದ ಕರೆಯುವುದು ತಂಗಿ ಎಂದು. ತೊಂಬತ್ತರ ದಶಕದಲ್ಲಿ ಕಾಕಿಯನ್ನು ಕರೆದುಕೊಂಡು ಯಾದಗಿರಿ ಕಡೆಯಿಂದ ಬಂದು ಗುದ್ದಲಿ ಹಿಡಿದವರು. ಮೊದಲು ನೀರಿನ ಪೈಪು, ಆಮೇಲೆ ಟೆಲಿಫೋನ್ ತಂತಿ, ಕೊನೆಗೆ ಕೂದಲಿನಷ್ಟು ತೆಳುವಾದ ಗಾಜಿನೆಳೆಯ ಕೇಬಲ್ಲು. ಓದುಬರಹ ಬಾರದು, ಆದರೆ ನೆಲದೊಳಗಿನ ಪುಣೆ ಪೂರ್ತಿ ಬಾಯಿಪಾಠ! ಬೆನ್ನ ಹಿಂದೆ ಬಸ್ಸು ಹಾರ್ನ್ ಬಾರಿಸುತ್ತಿದ್ದರೂ ನಡುರಸ್ತೆಯಲ್ಲಿ ನಿಂತು ಕಾಲಿನಿಂದ ತೋರಿಸುವರು: "ಇಲ್ಲಿ ಮೂರು ಫೂಟಿಗಿ ಫೋನು. ಎಡಕ್ಕ ಕರೆಂಟು, ಅದರ ತಂಟೆಕ್ಕ ಹೋಗಬ್ಯಾಡ!"

"ಕಾಕಾ, ಬಸ್ಸು!"

"ಬಸ್ ಮ್ಯಾಲ ಅದ ತಂಗಿ, ಅದನ್ನ ಯಾರ್ ಬೇಕಾದ್ರೂ ನೋಡ್ತಾರ!"

ಕಾಕಿ ಹಣೆ ಚಚ್ಚಿಕೊಳ್ಳುವರು: "ಮಂದಿ ಗಂಡಂದ್ರು ತಲಿ ಎತ್ತಿ ನಡೀತಾರ. ನನ್ನಾಂವ ನೆಲಾ ಮೂಸ್ಕೋತ ನಡೀತಾನ." ಹಾಗೆಂದು ಬಿಟ್ಟಿರುವವರಲ್ಲ. ಬುಟ್ಟಿ ಹೊತ್ತು ಮುಂದೆ ಮುಂದೆ ಆಕೆ, ಅಗೆಯುತ್ತ ಹಿಂದೆ ಹಿಂದೆ ಈತ. ಮದುವೆಯಲ್ಲಿ ಜೊತೆಗಿಟ್ಟದ್ದು ಏಳೇ ಹೆಜ್ಜೆ, ಪುಣೆಯಲ್ಲಿ ಏಳು ಲಕ್ಷ!

ಒಮ್ಮೆ ನಾನು ಓದುತ್ತಿದ್ದ ಪುಣೆ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಗೆ ಕಾಕಾನನ್ನು ಕರೆದೊಯ್ದಿದ್ದೆ. ನನ್ನ ಮೊಟ್ಟಮೊದಲ ಇ-ಮೇಲ್. ಗುಂಡಿ ಒತ್ತಿದೆ.

"ಹೋತೇನು?"

"ಹೋಯ್ತು ಕಾಕಾ!"

ಕಾಕಾ ಕಿಟಕಿಗೆ ಹೋಗಿ, ರಸ್ತೆಯತ್ತ ಬಗ್ಗಿ, ಮಗಳನ್ನು ಗಂಡನ ಮನೆಗೆ ಕಳಿಸುವವರ ದನಿಯಲ್ಲಿ ಹೇಳಿದರು: "ಸಾವಕಾಶ ಹೋಗವ್ವಾ! ನಾಕಾದ ಚೌಕದ ಹತ್ರ ನೆಲದಾಗ ಕಲ್ಲಬಂಡಿ ಅಡ್ಡ ಬಂದಿತ್ತು, ಕೇಬಲ್ ಸೊಟ್ಟ ಹಾಕೀವಿ!"

ಕಾಕಿ ತೀರಿಕೊಂಡು ಎರಡು ವರ್ಷವಾಗಿತ್ತೇನೋ, ನಗರವನ್ನು ಹೈಟೆಕ್ ಮಾಡುವ ಹುಮ್ಮಸ್ಸು ಎಲ್ಲೆಲ್ಲೂ ಎದ್ದಿತು. ನೆಲದೊಳಗಿನ ಪೈಪು ತಂತಿಗಳನ್ನೆಲ್ಲ ಕಂಪ್ಯೂಟರ್ ನಕ್ಷೆಗೆ ಏರಿಸುತ್ತಾರಂತೆ! ಕಾಕಾಗೆ ನಿದ್ದೆಯೇ ಹಾರಿಹೋಯಿತು. "ತಂಗಿ, ನನ್ನ ತಲಿ ಮಣ್ಣಾಗೂದ್ರಾಗ ಅದರಾಗಿಂದೆಲ್ಲಾ ಕಂಪ್ಯೂಟರಿಗಿ ತುಂಬಬೇಕು. ಬರಿ!" ಅವರು ಹೇಳಿದರು, ನಾನು ಬರೆದೆ. ಬೇವಿನ ಮರದಿಂದ (ಬೇವು ಎಂದೇ ಇಟ್ಟುಕೊಳ್ಳೋಣ) ಬಸ್ ಸ್ಟಾಪಿನ ಕಡೆಗೆ ಹನ್ನೊಂದು ಹೆಜ್ಜೆ, ಫೋನು. ಗಿರಣಿಯ ಮೂಲೆಯಿಂದ ಇಪ್ಪತ್ತಾರು, ವಾಲ್ವು. ಹೀಗೇ ನಲವತ್ತು ಪುಟ!

ನಕ್ಷೆಯ ಕೆಲಸ ನೋಡುತ್ತಿದ್ದ ಇಂಜಿನಿಯರ್ ಮೇಡಮ್ಮು ಪುಸ್ತಕ ತಿರುವಿ ಹಾಕಿ ಅಂದರು: "ಒಂದು ಜಾಗ ಅಗೆದು ತೋರಿಸಿ ಕಾಕಾ. ಸರಿ ಇದ್ದರೆ ಪುಸ್ತಕ ಪೂರ್ತಿ ನಕ್ಷೆಗೆ ಹೋಗುತ್ತದೆ."

ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಿ, ಹೊಸ ಟೋಪಿ! ಮರಕ್ಕೆ ಬೆನ್ನು ಕೊಟ್ಟು ನಿಂತು, ಎದೆಯುಬ್ಬಿಸಿ, ಮೆರವಣಿಗೆಯ ಮುಂದಾಳಿನಂತೆ ಹನ್ನೊಂದು ಹೆಜ್ಜೆ ಹಾಕಿದರು. "ಇಲ್ಲೇ ಫೋನು. ನೀರು ಅಲ್ಲಿ ಮುಂದ, ಎರಡು ಮಾರು ದೂರ." ತಾವೇ ಅಗೆಯತೊಡಗಿದರು. ಮಣ್ಣು ಒದ್ದೆಯಾದದ್ದನ್ನು ಕಂಡು ಮೇಡಮ್ಮು "ಕಾಕಾ, ಥಾಂಬಾ, ನಿಲ್ಲಿ!" ಎಂದು ಚೀರುವಷ್ಟರಲ್ಲಿ ಗುದ್ದಲಿ ಇನ್ನೊಮ್ಮೆ ಬಿದ್ದಾಗಿತ್ತು.

ಕಾರಂಜಿ! ಮರದೆತ್ತರಕ್ಕೆ! ಮೇಡಮ್ಮಿನ ತಂಪು ಕನ್ನಡಕ, ಪಕ್ಕದ ಚಹಾದ ಗಾಡಿ, ಹೊಸ ಟೋಪಿ ಎಲ್ಲಕ್ಕೂ ಅಭಿಷೇಕ. ಒಬ್ಬ ರಿಕ್ಷಾದವನು ಗಾಡಿ ತಂದು ಕೆಳಗೆ ನಿಲ್ಲಿಸಿ ತೊಳೆದುಕೊಂಡೇ ಹೋದ. (ಇದನ್ನು ನಾನೇ ಆಮೇಲೆ ಸೇರಿಸಿದೆನೋ ಏನೋ, ಖಾತ್ರಿಯಿಲ್ಲ.) ನೀರು ಬಂದ್ ಮಾಡಿಸುವಷ್ಟರಲ್ಲಿ ನನಗೆ ನಕ್ಕು ನಕ್ಕು ಹೊಟ್ಟೆನೋವು.

ಕಾಕಾ ನಗುತ್ತಿರಲಿಲ್ಲ. ಫುಟ್‌ಪಾತಿನ ಅಂಚಿನಲ್ಲಿ ಕೂತು ತಮ್ಮ ಒದ್ದೆ ಪಾದಗಳನ್ನೇ ನೋಡುತ್ತಿದ್ದರು.

"ಹೆಜ್ಜಿ ನನ್ನವಲ್ಲ ತಂಗಿ."

"ಮತ್ತೆ ಯಾರವು?"

"ನಿಮ್ಮ ಕಾಕೀವು, ಸಣ್ಣವು. ಮುಂದ ನಡದು ಎಣಿಸಿ ಕೂಗಾಕಿ ಆಕಿ. ನಾ ಅಗದಾಂವ ಅಷ್ಟೇ."

ನನ್ನ ಕೈಯಲ್ಲಿ ನಲವತ್ತು ಪುಟ. ಅಷ್ಟೂ ಕಾಕಿಯ ಹೆಜ್ಜೆ.

ಮೇಡಮ್ಮು ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು ಅಳತೆಯ ಟೇಪು ಚಾಚಿದರು. "ಅವರ ಒಂದು ಹೆಜ್ಜೆ ಎಷ್ಟಿತ್ತು ಅಂತ ತೋರಿಸಿ ಕಾಕಾ, ಸಾಕು. ಉಳಿದದ್ದನ್ನೆಲ್ಲ ಕಂಪ್ಯೂಟರ್ ಸರಿ ಮಾಡುತ್ತದೆ." ಕಾಕಾ ಟೇಪು ಎಳೆದರು. ಚೂರು ಒಳಗೆ ಬಿಟ್ಟರು. ಮತ್ತೆ ಎಳೆದರು. ಆಮೇಲೆ ಪೂರ್ತಿ ಸುತ್ತಿ ಮೇಡಮ್ಮಿನ ಕೈಗೆ ಕೊಟ್ಟರು.

ಮನೆಗೆ ಹೋಗುವಾಗ ಯಾಕೋ ನನ್ನನ್ನು ಮುಂದೆ ಬಿಟ್ಟು ತಾವು ಹಿಂದೆ ಬಂದರು. ಅವರ ಕಣ್ಣು ನನ್ನ ಕಾಲ ಮೇಲಿದ್ದದ್ದು ಬೆನ್ನಿಗೆ ತಿಳಿಯುತ್ತಿತ್ತು. ತಲೆಯ ಮೇಲೆ ಬುಟ್ಟಿ ಇದೆಯೆಂದುಕೊಂಡು ಹೆಜ್ಜೆ ಸಣ್ಣದು ಮಾಡಿದೆ. ಇನ್ನೂ ಒಂದಿಷ್ಟು ಸಣ್ಣದು. ನಲವತ್ತು ಪುಟ ಈಗಲೂ ನನ್ನ ಬಳಿಯೇ ಇವೆ, ಅವತ್ತು ಹಿಂದೆ ತಿರುಗದೆ ನಾನು ಕೇಳಿದ್ದೂ ಹಾಗೇ ಇದೆ:

"ಇಷ್ಟಿತ್ತೇನ್ ಕಾಕಾ?"