ಎಡಗಡೆಯ ಸ್ವಿಚ್ಚುಗಳು

ಯಾರ ಮನೆಗೆ ಹೋದರೂ ನನಗೆ ಮೊದಲು ಹೆದರಿಕೆಯಾಗುವುದು ಅವರ ಸ್ವಿಚ್ ಬೋರ್ಡನ್ನು ಕಂಡಾಗ. ನಾಯಿಗೆ ನಾನು ಅಷ್ಟು ಹೆದರುವುದಿಲ್ಲ. ನಾಯಿ ಬೊಗಳಿ ತನ್ನ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತದೆ. ಸ್ವಿಚ್ ಬೋರ್ಡು ಹಾಗಲ್ಲ. ಎಲ್ಲವೂ ಒಂದೇ ಬಣ್ಣ, ಒಂದೇ ಮುಖ. ಫ್ಯಾನ್ ಹಾಕಿಕೊಳ್ಳೋಣವೆಂದು ಒಂದನ್ನು ಒತ್ತಿದರೆ ಅಂಗಳದ ದೀಪ ಹತ್ತುತ್ತದೆ. ಅದನ್ನು ಆರಿಸಲು ಇನ್ನೊಂದನ್ನು ಒತ್ತಿದರೆ ಒಳಗಿನಿಂದ ‘ಟಿ.ವಿ. ಯಾರು ಬಂದ್ ಮಾಡಿದ್ರಿ?’ ಎಂಬ ಧ್ವನಿ ಬರುತ್ತದೆ. ಆ ಮನೆಯವರಾದರೋ ಬೇರೆ ಕಡೆ ನೋಡಿ ಮಾತಾಡುತ್ತಲೇ ಕೈ ಚಾಚಿ ಬೇಕಾದ ಸ್ವಿಚ್ಚನ್ನೇ ಒತ್ತುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಅವರ ಮೇಲೆ ಸಣ್ಣ ಹೊಟ್ಟೆಕಿಚ್ಚು. ಇಷ್ಟೆಲ್ಲ ಹೇಳುವ ನಾನು ನನ್ನ ಸ್ವಂತ ಗಾಡಿಯಲ್ಲಿ ವರ್ಷಗಟ್ಟಲೆ ಅತಿಥಿಯಂತೆಯೇ ಓಡಾಡಿದವನು ಎಂದರೆ ನೀವು ನಗಬಹುದು. ಧಾರಾಳವಾಗಿ ನಗಿ, ನಮ್ಮ ಮನೆಯವರು ಈಗಾಗಲೇ ನಕ್ಕು ಮುಗಿಸಿದ್ದಾರೆ.

ಹಾವೇರಿಯಲ್ಲಿ ನಮ್ಮದು ಮದುವೆ ಮುಂಜಿಗಳಿಗೆ ಅಡಿಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಕೊಪ್ಪರಿಗೆ, ಹಂಡೆ, ಪರಾತ, ಆಳೆತ್ತರದ ಸೌಟು, ಇವುಗಳನ್ನೆಲ್ಲ ಮೊದಮೊದಲು ಯಾರದೋ ಟ್ರ್ಯಾಕ್ಟರಿನಲ್ಲಿ ಹಾಕಿ ಕಳಿಸುತ್ತಿದ್ದೆವು. ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿದ್ದಾಗ ನಮಗೂ ಒಂದು ಗಾಡಿ ಬೇಕೆನಿಸಿತು. ಹೊಸದಕ್ಕೆ ಕೈ ಎಟುಕಲಿಲ್ಲ. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ಸಾಹುಕಾರರ ಬಳಿ ಹಳೆಯ ಪಿಕಪ್ ಒಂದು ಮಾರಾಟಕ್ಕಿದೆ ಎಂದು ಕೇಳಿ ಹೋದೆ. ವಯಸ್ಸಿನಲ್ಲಿ ಅದು ನನ್ನ ತಮ್ಮನಾಗಬಹುದಿತ್ತು. ಗುಂಡು ಮೂಗು, ಅಗಲ ಕಣ್ಣು, ದಪ್ಪ ತಗಡಿನ ಮೈ. ಒಳಗೆ ಕುಳಿತರೆ ಮೂಗಿಗೆ ಮೆಣಸಿನಕಾಯಿಯ ಘಾಟು. ಆ ಘಾಟು ಇವತ್ತಿಗೂ ಹೋಗಿಲ್ಲ. ಪಾತ್ರೆ ಇಳಿಸಲು ಹೋದಾಗ ನಮ್ಮ ಕಣ್ಣಲ್ಲಿ ನೀರು ಕಂಡು, ಮದುಮಗಳ ಮೇಲೆ ಇವರಿಗೆ ಎಷ್ಟು ಮಮತೆ ಎಂದುಕೊಂಡವರಿದ್ದಾರೆ.

ಗಾಡಿ ಹತ್ತಿ ಸ್ಟೇರಿಂಗ್ ಹಿಡಿದೆ. ಹಾರ್ನ್ ಇರಬೇಕಾದ ಜಾಗದಲ್ಲಿ ದೇವರ ಸ್ಟಿಕರ್ ಇತ್ತು. ಲೈಟು, ವೈಪರ್, ಇಂಡಿಕೇಟರ್, ಯಾವುದರ ಸ್ವಿಚ್ಚೂ ಕೈಗೆ ಸಿಗಲಿಲ್ಲ. ಹುಡುಕುತ್ತ ಹೋದರೆ ಎಡಗಡೆ, ಪಕ್ಕದಲ್ಲಿ ಕೂರುವವರ ಮೊಣಕಾಲಿನ ಎದುರಿಗೆ, ಎರಡು ಸಾಲಿನಲ್ಲಿ ಒಂದೇ ಥರದ ಕರಿಯ ಸ್ವಿಚ್ಚುಗಳು ಸಾಲಾಗಿ ನಿಂತಿದ್ದವು. ಹಾರ್ನಿನದೂ ಅದೇ ಜಾತಿ. ಕೆಳಗೆ ಮಾಡಿದರೆ ಹೊಡೆದುಕೊಳ್ಳುತ್ತಲೇ ಇರುತ್ತದೆ, ಮೇಲೆ ಮಾಡುವ ತನಕ ಬಿಡುವುದಿಲ್ಲ. ಇದೇನೆಂದು ಕೇಳಿದ್ದಕ್ಕೆ ಸಾಹುಕಾರರು ಗಂಭೀರವಾಗಿ ವಿವರಿಸಿದರು.

‘ಡ್ರೈವರನ ಕೈಯಾಗ ಕೊಟ್ಟರ ಸುಮ್ಮಸುಮ್ಮನ ಹಾರ್ನ್ ಹೊಡೀತಾನ್ರಿ. ಇನ್ನೂ ಬೆಳಕಿರುವಾಗನ ಲೈಟ್ ಹಚ್ಚತಾನ. ಬ್ಯಾಟರಿ ಯಾರದು? ನಂದು. ಅದಕ್ಕ ಎಲ್ಲಾ ನನ್ನ ಮುಂದ ಹಾಕಿಸಿಕೊಂಡೇನಿ.’

‘ಹಂಗಾದ್ರ ಡ್ರೈವರಗ ಏನು ಉಳೀತ್ರಿ?’ ಎಂದೆ.

‘ಸ್ಟೇರಿಂಗ್ ಐತಲ್ಲ. ಸಾಲದೇನು?’ ಎಂದರು.

ಸ್ವಿಚ್ಚುಗಳನ್ನು ಬಲಗಡೆಗೆ ಹಾಕಿಸಿಕೊಂಡರಾಯಿತು ಎಂದುಕೊಂಡೇ ಗಾಡಿ ತಂದೆ. ಹಾಕಿಸಲಿಲ್ಲ. ಕಾರಣ ಲೀಲಾ, ಎಂದರೆ ನನ್ನ ಹೆಂಡತಿ. ಪಾತ್ರೆ ಕೊಡುವಾಗ, ತರುವಾಗ ಅವಳು ಜೊತೆಗಿರಲೇಬೇಕು. ಮದುವೆ ಮನೆಯಲ್ಲಿ ಕೊಪ್ಪರಿಗೆ ಕಳೆಯುವುದಿಲ್ಲ, ಆದರೆ ಸೌಟುಗಳು ಬೀಗರ ಬುಟ್ಟಿಯಲ್ಲಿ ಸದ್ದಿಲ್ಲದೆ ಊರು ಬಿಡುತ್ತವೆ. ಅವನ್ನು ನಗುನಗುತ್ತ ಹೊರಗೆ ತೆಗೆಸುವ ಕಲೆ ಲೀಲಾಗೆ ಮಾತ್ರ ಗೊತ್ತು. ಹೀಗೆ ಅವಳು ಎಡಗಡೆ ಕುಳಿತಳು. ನಾನು ‘ಹಾರ್ನ್’ ಎಂದರೆ ಹಾರ್ನ್, ‘ಲೈಟ್’ ಎಂದರೆ ಲೈಟ್. ಕೆಲವು ತಿಂಗಳಲ್ಲಿ ಹೇಳುವ ಅಗತ್ಯವೂ ಉಳಿಯಲಿಲ್ಲ. ತಿರುವು ಬರುವ ಮೊದಲೇ ಇಂಡಿಕೇಟರ್ ಮಿನುಗುತ್ತಿತ್ತು, ಎಮ್ಮೆ ರಸ್ತೆಗಿಳಿಯಲು ಮನಸ್ಸು ಮಾಡುತ್ತಿದ್ದಂತೆ ಹಾರ್ನ್ ಆಗುತ್ತಿತ್ತು. ರಾಣೆಬೆನ್ನೂರಿನ ಸಂತೆಯ ದಿನವೂ ಗಾಡಿಗೆ ಒಂದು ಗೀರು ಬೀಳಲಿಲ್ಲ. ‘ನಿಮ್ಮ ಡ್ರೈವಿಂಗ್ ಭಾಳ ನಾಜೂಕು’ ಎಂದು ಜನ ಹೇಳಿದಾಗ ನಾನು ವಿನಯದಿಂದ ತಲೆ ತಗ್ಗಿಸಿ ಎಲ್ಲವನ್ನೂ ಒಬ್ಬನೇ ಸ್ವೀಕರಿಸುತ್ತಿದ್ದೆ.

ಲೀಲಾ ಆ ಸ್ವಿಚ್ಚುಗಳಿಗೆ ಒಂದು ವ್ಯವಸ್ಥೆಯನ್ನೂ ಮಾಡಿದ್ದಳು. ಮಹಾನವಮಿಗೆ ಗಾಡಿ ಪೂಜೆ ಮಾಡುವಾಗ ಹಾರ್ನಿಗೆ ಕುಂಕುಮ, ಲೈಟಿಗೆ ಅರಿಷಿಣ, ವೈಪರಿಗೆ ವಿಭೂತಿ ಹಚ್ಚುತ್ತಿದ್ದಳು. ಇಂಡಿಕೇಟರಿಗೆ ಎಡಕ್ಕೊಂದು ಬಲಕ್ಕೊಂದು ಹೂವಿನ ಎಸಳು. ಪೂಜೆಗೆ ಪೂಜೆಯೂ ಆಯಿತು, ಗುರುತಿಗೆ ಗುರುತೂ ಆಯಿತು. ಈ ಬಣ್ಣಗಳ ಅರ್ಥವನ್ನು ನಾನು ಯಾವತ್ತೂ ಕೇಳಿದವನಲ್ಲ, ಭಕ್ತಿ ಎಂದುಕೊಂಡಿದ್ದೆ. ಒಂದು ವರ್ಷ ಮಹಾನವಮಿಗೆ ಲೀಲಾ ತವರಿಗೆ ಹೋಗಿದ್ದಳು. ಗಳಗನಾಥದ ಹತ್ತಿರ ಅವಳ ತವರು. ಪೂಜೆಯನ್ನು ನಮ್ಮ ಅವ್ವ ಕೈಗೆತ್ತಿಕೊಂಡಳು. ಸ್ವಿಚ್ಚುಗಳನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತೊಳೆದು, ಪ್ರತಿಯೊಂದಕ್ಕೂ ವಿಭೂತಿ ಎಳೆದು, ಅರಿಷಿಣ ಹಚ್ಚಿ, ಕುಂಕುಮ ಇಟ್ಟಳು. ಲೀಲಾ ಬಂದು ನೋಡಿ, ‘ಯಾಕ್ ಅತ್ತಿ, ಎಲ್ಲಾಕ್ಕೂ ಎಲ್ಲಾ ಹಚ್ಚೀರಿ?’ ಎಂದು ಕೇಳಿದಳು.

‘ಮತ್ತ? ಒಂದಕ್ಕ ಕುಂಕುಮ ಹಚ್ಚಿ ಒಂದಕ್ಕ ಬಿಟ್ಟರ, ಬಿಟ್ಟದ್ದು ಏನ್ ಪಾಪ ಮಾಡೈತಿ?’ ಎಂದಳು ಅವ್ವ.

ಲೀಲಾ ನಕ್ಕಳು. ಅವಳ ಬೆರಳಿಗೆ ಅಷ್ಟರಲ್ಲಿ ಗುರುತಿನ ಅಗತ್ಯ ಇರಲಿಲ್ಲ.

ಆ ದೀಪಾವಳಿ ಕಳೆದ ಮೇಲೆ ಒಂದು ದೊಡ್ಡ ಮುಹೂರ್ತ ಬಂತು. ಊರೂರಲ್ಲೂ ಮದುವೆ. ದೇವರಗುಡ್ಡದಲ್ಲಿ ಬಸಪ್ಪ ಎಂಬವರ ಮಗಳ ಮದುವೆಗೆ ನಮ್ಮ ಪಾತ್ರೆ ಹೋಗಬೇಕಿತ್ತು. ನಿಶ್ಚಿತಾರ್ಥವಾದ ಮರುದಿನವೇ ಬಂದು ಹೇಳಿಹೋದ ಮನುಷ್ಯ. ಮದುವೆಯ ಹಿಂದಿನ ದಿನ ಸಂಜೆಯ ಊಟಕ್ಕೇ ಬೀಗರು ಬರುವವರಿದ್ದರು, ಮಧ್ಯಾಹ್ನದೊಳಗೆ ಪಾತ್ರೆ ಮುಟ್ಟದಿದ್ದರೆ ಒಲೆ ಹೊತ್ತಿಸಿ ಮೇಲೇನು ಇಡುವುದು? ಆ ದಿನ ಬೆಳಿಗ್ಗೆ ನಾನು ದೊಡ್ಡ ಕೊಪ್ಪರಿಗೆಯನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕಲು ಹೋದೆ. ಕೊಪ್ಪರಿಗೆ ಗಾಡಿ ಸೇರಿತು, ನನ್ನ ಬಲಭುಜ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಡಾಕ್ಟರು ಕೈಯನ್ನು ಕೊರಳಿಗೆ ಜೋಲಿ ಕಟ್ಟಿ ಕಳಿಸಿದರು. ಬೇರೆ ಗಾಡಿಗೆ ಹುಡುಕಿದೆವು. ಊರಿನ ಗಾಡಿಗಳೆಲ್ಲ ಯಾವುದೋ ಮದುವೆಗೆ ಹೊರಟುಹೋಗಿದ್ದವು. ಅಡಿಗೆಯವರು ಬಂದು ಕಾಯುತ್ತಿದ್ದಾರೆಂದು ದೇವರಗುಡ್ಡದಿಂದ ಫೋನ್ ಬಂತು. ಬಸಪ್ಪ ಸಿಟ್ಟು ಮಾಡಲಿಲ್ಲ. ‘ನೀವು ಅದೀರಿ ಅಂತ ನಾ ಧೈರ್ಯದಾಗ ಅದೇನಿ’ ಎಂದಷ್ಟೇ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ಓಣಿಯ ಮೌಲಾಸಾಬರು ಲಾರಿ ಡ್ರೈವರು, ಪುಣ್ಯಕ್ಕೆ ಮನೆಯಲ್ಲಿದ್ದರು. ಮುಂಬೈ ತನಕ ಲಾರಿ ಹೊಡೆದ ಕೈ. ನೋಡಿಕೊಂಡು ಬರುತ್ತೇನೆಂದು ಗಾಡಿಯನ್ನು ಬಸ್ ಸ್ಟ್ಯಾಂಡ್ ಕಡೆ ಒಂದು ಸುತ್ತು ತೆಗೆದುಕೊಂಡು ಹೋದರು. ಹೋಗುವಾಗ ಸದ್ದಿಲ್ಲದೆ ಹೋದ ಗಾಡಿ ಬರುವಾಗ ಓಣಿಯ ತುಂಬ ಹಾರ್ನ್ ಹೊಡೆದುಕೊಳ್ಳುತ್ತ, ಹಗಲಲ್ಲಿ ಲೈಟ್ ಹತ್ತಿಸಿಕೊಂಡು, ಒಣ ಗಾಜಿನ ಮೇಲೆ ವೈಪರ್ ಆಡಿಸುತ್ತ ಬಂದು ನಿಂತಿತು. ಮೌಲಾಸಾಬರು ಇಳಿದು ಹಣೆ ಒರೆಸಿಕೊಂಡು ಕೀಲಿಕೈಯನ್ನು ನನ್ನ ಎಡಗೈಗೆ ಕೊಟ್ಟರು.

‘ಅಣ್ಣಾರ, ಇದು ಗಾಡಿ ಅಲ್ಲರಿ, ಜಗಳದ ಮನಿ ಐತಿ. ಒಬ್ಬರ ಮಾತು ಒಬ್ಬರು ಕೇಳಂಗಿಲ್ಲ. ರಸ್ತಾ ನೋಡಲ್ಯೋ, ಆ ಕಡೆ ಬಗ್ಗಿ ಸ್ವಿಚ್ ಹುಡುಕಲ್ಯೋ? ನನಗ ಹೆಂಡ್ರು ಮಕ್ಕಳ ಅದಾರ್ರಿ’ ಎಂದು ಕೈಮುಗಿದು, ಸ್ವಿಚ್ಚಿಗೆ ಲೀಲಾ ಕೂರುತ್ತಾಳೆ ಎಂದು ನಾನು ಹೇಳುವಷ್ಟರಲ್ಲಿ ಓಣಿ ದಾಟಿ ಹೋದರು.

ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಲೀಲಾ ಒಳಗೆ ಹೋಗಿ ಟ್ರಂಕಿನ ಸದ್ದು ಮಾಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಕೈಯಲ್ಲಿ ಒಂದು ಲೈಸನ್ಸು. ಎರಡು ಜಡೆ ಹಾಕಿದ ಹುಡುಗಿಯೊಬ್ಬಳು ಅದರೊಳಗಿನಿಂದ ನನ್ನನ್ನು ದಿಟ್ಟಿಸಿ ನೋಡುತ್ತಿದ್ದಳು. ಲಗ್ನಕ್ಕೆ ಮುಂಚೆ ಅಪ್ಪನ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದಳಂತೆ, ಅವಳ ಅಣ್ಣನ ಜೀಪನ್ನೂ ಹೊಡೆಯುತ್ತಿದ್ದಳಂತೆ. ಲೈಸನ್ಸು ಮಾಡಿಸಿದವನೂ ಆ ಅಣ್ಣನೇ ಅಂತೆ.

‘ಇಷ್ಟು ವರ್ಷ ನನಗ ಹೇಳಲೇ ಇಲ್ಲಲ್ಲ?’ ಎಂದೆ.

‘ನೀವು ಕೇಳಿದ್ರ ಹೇಳ್ತಿದ್ನಿ. ಏಳ್ರಿ, ಹೊತ್ತಾಗಾಕತ್ತೈತಿ’ ಎಂದಳು.

ಅವ್ವ ಏನೆನ್ನುವಳೋ ಎಂದು ನಾನು ಬಾಗಿಲ ಕಡೆ ನೋಡಿದೆ. ಅವ್ವ ಬಂದು ಮುಂದಿನ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು, ‘ಸಾವಕಾಶ ಹೋಗ್ವಾ’ ಎಂದಳು. ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಹೇಳಿದವಳಲ್ಲ.

ಹೀಗೆ ನಾನು ಮೊದಲ ಸಲ ನನ್ನ ಗಾಡಿಯ ಎಡಗಡೆ ಕುಳಿತೆ. ಎದುರಿಗೆ ಎರಡು ಸಾಲು ಸ್ವಿಚ್ಚುಗಳು, ಎಲ್ಲವಕ್ಕೂ ಸಮಾನವಾಗಿ ವಿಭೂತಿ, ಅರಿಷಿಣ, ಕುಂಕುಮ. ಲೀಲಾ ಗಾಡಿಯನ್ನು ಎಷ್ಟು ಹಗುರವಾಗಿ ಹೊರಡಿಸಿದಳೆಂದರೆ ಹಿಂದಿದ್ದ ಕೊಪ್ಪರಿಗೆಗಳಿಗೆ ಸುದ್ದಿಯೇ ಮುಟ್ಟಲಿಲ್ಲ. ಹೈವೇ ಅಗಲ ಮಾಡುವ ಕೆಲಸ ನಡೆದಿತ್ತು. ಒಮ್ಮೆ ಈ ಬದಿ, ಒಮ್ಮೆ ಆ ಬದಿ ತಿರುಗಿಸುತ್ತಿದ್ದರು. ಮೋಟೆಬೆನ್ನೂರು ದಾಟುವಾಗ ಅಕಾಲದ ತುಂತುರು ಮಳೆ ಹಿಡಿಯಿತು.

‘ವೈಪರ್’ ಎಂದಳು.

ನಾನು ಒಂದನ್ನು ಕೆಳಗೆ ಮಾಡಿದೆ. ಹಾರ್ನ್ ಆಯಿತು. ಗಾಬರಿಯಲ್ಲಿ ಅದನ್ನು ಬಿಟ್ಟು ಇನ್ನೊಂದನ್ನು ಹಾಕಿದೆ. ಹಾರ್ನಿನ ಜೊತೆಗೆ ಎಡಗಡೆಯ ಇಂಡಿಕೇಟರೂ ಸೇರಿಕೊಂಡಿತು. ಎದುರಿನ ಬಸ್ಸಿನವನು ನಾವು ಎಡಕ್ಕೆ ಹೋಗುತ್ತೇವೋ ಜಗಳಕ್ಕೆ ಬರುತ್ತೇವೋ ತಿಳಿಯದೆ ನಿಂತೇಬಿಟ್ಟ.

‘ಮ್ಯಾಲಿನ ಸಾಲಿನಾಗ ಎರಡನೇದ್ರಿ.’

‘ಯಾವ ಕಡಿಂದ ಎರಡನೇದು?’

‘ಗಾಡಿ ನಿಮ್ಮದು, ನನ್ನ ಕೇಳಾಕತ್ತೀರಿ’ ಎಂದಳು. ಸಿಟ್ಟಿರಲಿಲ್ಲ, ತುಟಿಯ ಅಂಚಿನಲ್ಲಿ ನಗು ಇತ್ತು. ಇಷ್ಟು ವರ್ಷ ನಾನು ಬಾಯಲ್ಲಿ ಹೇಳಿದ್ದನ್ನು ಅವಳು ಕೈಯಲ್ಲಿ ಮಾಡಿದ್ದಳು. ಹೇಳುವುದು ಎಷ್ಟು ಸುಲಭ ಎಂದು ಎಡಗಡೆ ಕುಳಿತವರಿಗೇ ಗೊತ್ತಾಗುವುದು.

ರಾಣೆಬೆನ್ನೂರು ದಾಟಿ ದೇವರಗುಡ್ಡದ ರಸ್ತೆ ಹಿಡಿದಾಗ ಮಳೆ ನಿಂತಿತು, ಕುರಿಗಳು ಬಂದವು. ರಸ್ತೆಯ ತುಂಬ ಕುರಿ. ಮುಂದೆ ಕಂಬಳಿ ಹೊದ್ದ ಕುರುಬ ಬೆನ್ನು ತಿರುಗಿಸಿ ನಡೆಯುತ್ತಿದ್ದ. ‘ಹಾರ್ನ್’ ಎಂದಳು ಲೀಲಾ. ಈ ಸಲ ತಪ್ಪಬಾರದೆಂದು ಯೋಚಿಸಿ ಹಾಕಿದೆ. ವೈಪರ್ ಎದ್ದು ಒಣ ಗಾಜಿನ ಮೇಲೆ ಕಿರ್ರೆಂದು ಆಡತೊಡಗಿತು. ಆ ಸದ್ದಿಗೆ ಕುರುಬ ಹಿಂದಿರುಗಿ ನೋಡಿ, ಗಾಡಿಯೇ ಕೈಬೀಸುತ್ತಿದೆ ಎಂದುಕೊಂಡನೋ ಏನೋ, ತಾನೂ ಕೈಬೀಸಿ ತನ್ನ ಪಾಡಿಗೆ ನಡೆದ. ಲೀಲಾಗೆ ನಗು ತಡೆಯಲಾಗದೆ ಬ್ರೇಕ್ ಮೇಲಿನ ಕಾಲು ಬಲವಾಗಿ ಬಿತ್ತು. ಹಿಂದಿನ ಕೊಪ್ಪರಿಗೆ, ಹಂಡೆ, ಪರಾತಗಳೆಲ್ಲ ಒಮ್ಮೆಲೇ ಒಂದರ ಮೇಲೊಂದು ಬಿದ್ದು ಎಬ್ಬಿಸಿದ ಸದ್ದಿಗೆ ಕುರಿಗಳು ಎರಡು ಪಾಲಾಗಿ ಹೊಲಕ್ಕಿಳಿದವು. ರಸ್ತೆ ಖಾಲಿಯಾಯಿತು.

ಮಧ್ಯಾಹ್ನದ ಊಟದ ಹೊತ್ತಿಗಿಂತ ಮೊದಲೇ ಮುಟ್ಟಿದೆವು. ಒಲೆಗಳು ಆಗಲೇ ಹೊಗೆಯಾಡುತ್ತಿದ್ದವು. ಬಸಪ್ಪ ಓಡಿಬಂದು ಬಲಗಡೆಯ ಬಾಗಿಲು ತೆರೆದು ನನಗೆ ಕೈಮುಗಿಯಲು ಹೋದವರು, ಅಲ್ಲಿ ಲೀಲಾಳನ್ನು ಕಂಡು ಒಂದು ಕ್ಷಣ ನಿಂತು, ಇನ್ನಷ್ಟು ಬಗ್ಗಿ ಕೈಮುಗಿದರು. ‘ತಂಗಿ, ನನ್ನ ಮಾನ ಉಳಿಸಿದಿ’ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಸತ್ಯವಾಗಿ ಹೇಳುತ್ತೇನೆ, ನನ್ನ ಕಣ್ಣಲ್ಲೂ ಇತ್ತು, ಮತ್ತು ಅದು ಮೆಣಸಿನಕಾಯಿಯದಲ್ಲ. ಆ ದಿನ ನಾನು ಲೀಲಾಗೆ, ಲೈಸನ್ಸು ಮಾಡಿಸಿದ ಅವಳ ಅಣ್ಣನಿಗೆ, ಲಿಂಬೆಹಣ್ಣು ಇಟ್ಟ ಅವ್ವನಿಗೆ, ಬೈಯದೆ ಕಾದ ಬಸಪ್ಪನಿಗೆ, ಎಲ್ಲರಿಗೂ ಮನಸ್ಸಿನಲ್ಲೇ ಕೈಮುಗಿದೆ. ಅಷ್ಟು ಜನರಿಗೆ ಎದುರಲ್ಲಿ ಕೈಮುಗಿಯಲು ಜೋಲಿಯಲ್ಲಿದ್ದ ಬಲಗೈ ಬಿಡಲಿಲ್ಲ.

ಭುಜ ಸರಿಹೋಯಿತು, ಆದರೆ ಅಂಥ ಭಾರದ ಸ್ಟೇರಿಂಗ್ ಇನ್ನು ಬೇಡ ಎಂದರು ಡಾಕ್ಟರು. ಲೀಲಾಳೇ ಗಾಡಿ ಹೊಡೆಯತೊಡಗಿದಳು. ಸ್ವಿಚ್ಚುಗಳನ್ನು ಬಲಗಡೆಗೆ ಹಾಕಿಸಬೇಕು ಎಂದು ನಾನೇ ಹೇಳಿದೆ. ದೊಡ್ಡ ಮನಸ್ಸಿನಿಂದ ಹೇಳಿದರೂ ಒಳಗೊಳಗೆ ಒಂದು ಕಸಿವಿಸಿ. ಎಲ್ಲವೂ ಆ ಕಡೆ ಹೋದ ಮೇಲೆ ಈ ಕಡೆ ಕೂರುವವನು ಯಾತಕ್ಕೆ? ಸೌಟು ಹುಡುಕುವ ಕಲೆಯೂ ನನಗಿಲ್ಲ. ಲೀಲಾ ಗಾಡಿಯನ್ನು ಎಲೆಕ್ಟ್ರಿಷಿಯನ್ ಹತ್ತಿರ ಒಯ್ದು ಸಂಜೆಗೆ ತಂದಳು. ನೋಡಿದರೆ ಎಲ್ಲ ಸ್ವಿಚ್ಚುಗಳೂ ಬಲಗಡೆಗೆ ಹೋಗಿದ್ದವು, ಎಡಗಡೆ ಮಾತ್ರ ಹೊಸ ಕೆಂಪು ಗುಂಡಿ ಒಂದು ಕುಳಿತಿತ್ತು.

‘ಹಾರ್ನ್ ನಿಮ್ಮ ಕಡೆ ಇಟ್ಟೇನಿ. ನನಗ ಎರಡೂ ಕೈ ಸ್ಟೇರಿಂಗಿಗೆ ಬೇಕು. ನಾ ಹೇಳಿದಾಗ ಹೊಡೀರಿ’ ಎಂದಳು.

ನನಗಾದ ಸಂತೋಷವನ್ನು ಹೇಗೆ ಹೇಳಲಿ. ಅಂದಿನಿಂದ ನಾನು ಹಾರ್ನನ್ನು ಬಹಳ ಜವಾಬ್ದಾರಿಯಿಂದ ಹೊಡೆಯತೊಡಗಿದೆ. ಆಸ್ಪತ್ರೆಯ ಮುಂದೆ ಹೊಡೆಯಲಿಲ್ಲ. ಮುದುಕರಿಗೆ ಮೆಲ್ಲಗೆ, ಮೋಟಾರ್ ಸೈಕಲ್ಲಿನವರಿಗೆ ಉದ್ದಕ್ಕೆ. ಪ್ರತಿ ಸಲವೂ ಲೀಲಾ, ‘ಛಲೋ ಹೊಡೆದ್ರಿ’ ಎನ್ನುತ್ತಿದ್ದಳು. ಒಂದು ವರ್ಷ ಹೀಗೆಯೇ ಕಳೆಯಿತು.

ಮೊನ್ನೆ ಬ್ಯಾಡಗಿ ರಸ್ತೆಯಲ್ಲಿ ನಾನು ಶೇಂಗಾ ಬಿಡಿಸುತ್ತ ಕುಳಿತಿದ್ದೆ. ಎರಡು ಕೈಯೂ ಶೇಂಗಾದಲ್ಲಿ. ತಿರುವಿನಲ್ಲಿ ಚೀಲ ಹೇರಿದ ಚಕ್ಕಡಿಯೊಂದು ಅಡ್ಡ ಬಂತು. ಹಾರ್ನ್ ಆಯಿತು. ನಾನು ಹೊಡೆದಿರಲಿಲ್ಲ. ಲೀಲಾಳ ಕಡೆ ನೋಡಿದೆ. ಅವಳ ಬಲಗೈ ಹೆಬ್ಬೆರಳು ಸ್ಟೇರಿಂಗಿನ ಹಿಂದಿನಿಂದ ಮೆಲ್ಲಗೆ ಈಚೆ ಬರುತ್ತಿತ್ತು. ಶೇಂಗಾ ಸಿಪ್ಪೆ ಎತ್ತುವವನಂತೆ ಬಗ್ಗಿ ನನ್ನ ಕೆಂಪು ಗುಂಡಿಯ ಹಿಂದೆ ನೋಡಿದೆ. ಅದಕ್ಕೆ ಒಂದು ವಯರೂ ಇರಲಿಲ್ಲ. ಹಾಗಾದರೆ ಇಡೀ ವರ್ಷ ಅವಳು ರಸ್ತೆಯನ್ನೂ ನೋಡಿ, ನನ್ನ ಬೆರಳನ್ನೂ ನೋಡಿ, ಎರಡಕ್ಕೂ ಸರಿಯಾಗಿ ಹೊಡೆಯುತ್ತ ಬಂದಿದ್ದಳು.

‘ಏನು ಬಿತ್ತೇನ್ರಿ?’ ಎಂದಳು.

‘ಏನಿಲ್ಲ’ ಎಂದು ಮೇಲೆದ್ದು ನೆಟ್ಟಗೆ ಕುಳಿತೆ. ಶೇಂಗಾ ಜೇಬಿಗೆ ಹಾಕಿಕೊಂಡೆ.

ಸ್ವಲ್ಪ ಮುಂದೆ ಎಮ್ಮೆಯೊಂದು ರಸ್ತೆಗಿಳಿಯುವುದರಲ್ಲಿತ್ತು. ‘ಹಾರ್ನ್’ ಎಂದಳು ಲೀಲಾ. ನಾನು ಗುಂಡಿಯನ್ನು ಗಟ್ಟಿಯಾಗಿ ಒತ್ತಿದೆ. ಹಾರ್ನ್ ಆಯಿತು. ಎಮ್ಮೆ ನಿಂತಿತು.

‘ಛಲೋ ಹೊಡೆದ್ರಿ’ ಎಂದಳು.